ತಲೆಯಾಡಿಸಿದ್ದು ಒಪ್ಪಿಗೆಯಲ್ಲ

ಸೋಮವಾರ, ಮಧ್ಯಾಹ್ನ
ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಿಂದ

ಪ್ರೀತಿಯ ಅಕ್ಕ,

ಅಕ್ಷರ ಸೊಟ್ಟಗಿದ್ದರೆ, ಕಾಗುಣಿತ ತಪ್ಪಿದ್ದರೆ ಮೊದಲೇ ಕ್ಷಮೆ ಕೇಳುತ್ತೇನೆ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅದು ಅಲುಗುತ್ತದೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳಿಗೆ ನಿಮ್ಮ ಓದಿನ ನಡುವೆ ಸಂಜೆ ಪಾಠ ಹೇಳಿ ಇಷ್ಟಾದರೂ ಬರೆಸಿದವರು ನೀವೇ. ಅದನ್ನು ಮರೆತು ಇದನ್ನು ಬರೆಯುತ್ತಿಲ್ಲ. ಎದುರಿಗೇ ಹೇಳೋಣವೆಂದರೆ ನನ್ನ ಬಾಯಿ ನಿಮಗೆ ಗೊತ್ತಲ್ಲ. ಗಂಟಲಿಗೆ ಬಂದ ಮಾತು ನಾಲಿಗೆಗೆ ಬರುವಷ್ಟರಲ್ಲಿ ಎದುರಿಗಿದ್ದವರು ಹೊರಟುಹೋಗಿರುತ್ತಾರೆ.

ಶುಕ್ರವಾರ ನೀವು ಓಡಿ ಬಂದು ನನ್ನ ಕೈ ಹಿಡಿದುಕೊಂಡಿರಿ. ಹಿಂದಿನ ಸಂಜೆ ಕಾಲೇಜಿನ ವೇದಿಕೆಯಲ್ಲಿ ನೀವು ಹೇಳಿದ ಕಥೆಯನ್ನು ಎಲ್ಲರೂ ಮೆಚ್ಚಿದರು, ಬರುವ ವಾರ ಎಲ್ಲ ಕಾಲೇಜುಗಳ ದೊಡ್ಡ ಸಭೆಯಲ್ಲಿ ಅದನ್ನೇ ಮತ್ತೆ ಹೇಳಬೇಕಂತೆ, ಈ ಸಲ ನೀನೂ ನನ್ನ ಪಕ್ಕದಲ್ಲಿ ನಿಲ್ಲು ಎಂದಿರಿ. ನಾನು ತಲೆಯಾಡಿಸಿದೆ. ನನ್ನ ತಲೆ ಹಾಗೇ. ಯಾರು ಏನು ಹೇಳಿದರೂ ಅಷ್ಟಕ್ಕೇ ಆಡಿಬಿಡುತ್ತದೆ. ಅಕ್ಕ, ಅದು ಒಪ್ಪಿಗೆಯಲ್ಲ. ಆ ತಲೆಯಾಡಿಸಿದ್ದನ್ನು ವಾಪಸು ತೆಗೆದುಕೊಳ್ಳುವುದಕ್ಕೇ ಈ ಪತ್ರ.

ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಹೇಳಿದ್ದು ಹೇಗಿತ್ತು, ನೀವು ಹೇಳಿದ್ದು ಹೇಗಾಯಿತು ಎಂಬುದು ಪಕ್ಕಪಕ್ಕ ಇಟ್ಟರೆ ತಾನೇ ಕಾಣುವುದು.

ಎಲೆ ಉದುರುವ ಈ ತಿಂಗಳಲ್ಲಿ ಕಾಲೇಜಿನ ಎಲ್ಲ ಮತದವರ ಪುಣ್ಯದಿನಗಳೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಎಲ್ಲರ ಪ್ರಾರ್ಥನೆಗೂ ಇರುವುದು ಒಂದೇ ಕೋಣೆ. ಯಾರ ದೇವರು ಯಾರೆಂದು ನನಗೆ ಸರಿಯಾಗಿ ಗೊತ್ತಿಲ್ಲ, ಯಾರಿಗೆ ಕುರ್ಚಿ ಹೇಗಿಡಬೇಕೆಂದು ಗೊತ್ತು. ಸಾಲಿನವರಿಗೆ ಕಿಟಕಿಗೆ ಮುಖ ಮಾಡಿ ನೇರ ಸಾಲು. ನಿಂತವರಿಗೆ ಕುರ್ಚಿಯನ್ನೆಲ್ಲ ಹೊರಗಿಡಬೇಕು. ಕಣ್ಣು ಮುಚ್ಚುವವರಿಗೆ ಹೇಗಿದ್ದರೂ ನಡೆಯುತ್ತದೆ, ಅವರು ನೋಡುವುದೇ ಇಲ್ಲವಲ್ಲ. ಸುತ್ತಿನವರಿಗೆ ದುಂಡಗೆ, ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ. ಈ ಹೆಸರುಗಳನ್ನೆಲ್ಲ ನಾನೇ ಇಟ್ಟುಕೊಂಡಿದ್ದು ಎಂದಾಗ ನೀವು ಬಿದ್ದು ಬಿದ್ದು ನಕ್ಕಿರಿ. ವೇದಿಕೆಯಲ್ಲೂ ಅದನ್ನು ಹೇಳಿದಿರಿ, ಅಲ್ಲಿಯೂ ಎಲ್ಲರೂ ನಕ್ಕರು. ನಾನು ಹಿಂದೆ ಗೋಡೆಗೊರಗಿ ನಿಂತಿದ್ದೆ. ಮೊದಲು ನನಗೂ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ನಿನಗೊಂದು ಅಚ್ಚರಿ ಇದೆ, ಬಾ ಎಂದು ಕರೆದಿದ್ದಿರಿ. ಇದೇ ಅಚ್ಚರಿ ಎಂದುಕೊಂಡೆ.

ಆಮೇಲೆ ನೀವು ದನಿ ಇಳಿಸಿದಿರಿ. ಈ ಕೋಣೆಯನ್ನು ಗುಡಿಸುವ ಒಬ್ಬ ಹುಡುಗಿ ಇದ್ದಾಳೆ ಎಂದಿರಿ.

ನನ್ನ ಅಮ್ಮ ಸುತ್ತಿನವರ ಮನೆಯವಳು, ಅಪ್ಪ ಸಾಲಿನವರು. ಇಬ್ಬರೂ ಮದುವೆಯಾದಾಗ ಎರಡು ಕಡೆಯವರೂ ಬಾಗಿಲು ಮುಚ್ಚಿದರು. ಸುತ್ತಿನವರು ತಮ್ಮ ಪುಣ್ಯದಿನದಲ್ಲಿ ದುಂಡಗೆ ಕೂತು, ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ತೀರಿಹೋದವರ ಹೆಸರು ಹೇಳುತ್ತಾರೆ. ಅಷ್ಟೇ ಅವರ ಪೂಜೆ. ಅಮ್ಮನಿಗೆ ಕೂರಲು ಸುತ್ತು ಇರಲಿಲ್ಲ. ಆ ದಿನ ಅಡುಗೆಮನೆಯ ಕಿಟಕಿ ಹತ್ತಿರ ಒಬ್ಬಳೇ ನಿಂತು ತನ್ನ ಅಪ್ಪ ಅಮ್ಮನ ಹೆಸರು ಹೇಳಿಕೊಂಡು, ಆಮೇಲೆ ಪಾತ್ರೆ ತೊಳೆಯುತ್ತಿದ್ದಳು. ಅಮ್ಮ ಕಾಯಿಲೆಯಿಂದ ತೀರಿಹೋದ ಮೇಲೆ ನನ್ನ ಸೋದರತ್ತೆ ಬಂದರು. ಅಪ್ಪ ಮತ್ತೆ ಸಾಲಿಗೆ ಬರಬಹುದು, ಮಗಳೂ ಸಾಲಿನಲ್ಲೇ ಕೂರಬೇಕು, ಸುತ್ತಿನವರ ಸುದ್ದಿ ಇನ್ನು ಈ ಮನೆಯಲ್ಲಿ ಬೇಡ ಎಂದರು. ಅಪ್ಪ ಬೇಡ ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಎದ್ದು ಹಿತ್ತಿಲಿಗೆ ಹೋಗಿ ನಲ್ಲಿ ಬಿಟ್ಟರು. ನೀರಿನ ಸದ್ದಿನಲ್ಲಿ ಅವರು ಅಳುವುದು ನನಗೆ ಕೇಳಿಸಿತು. ಅಂದಿನಿಂದ ಅಮ್ಮನ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ.

ಅದಕ್ಕೇ ನಾನು ಈ ಕೆಲಸ ಕೇಳಿ ಪಡೆದದ್ದು. ಸುತ್ತಿನವರ ದಿನ ಕುರ್ಚಿ ಜೋಡಿಸಿ, ಅಲಮಾರಿಗೂ ಗೋಡೆಗೂ ನಡುವೆ ಪೊರಕೆ ನಿಲ್ಲಿಸುವ ಸಂದಿನಲ್ಲಿ ನಿಂತುಬಿಡುತ್ತಿದ್ದೆ. ಅವರ ಹೆಸರುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಅಮ್ಮನ ಹೆಸರನ್ನು ಮನಸ್ಸಿನಲ್ಲೇ ಹೇಳುತ್ತಿದ್ದೆ. ಸುತ್ತಿನಲ್ಲಿ ಅಮ್ಮನಿಗೂ ಒಂದು ಜಾಗ ಸಿಕ್ಕಿತು ಅಂದುಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೂ.

ಇದನ್ನು ನಿಮಗೆ ಹೇಳಿದ್ದು ಅದೇ ಕೋಣೆಯಲ್ಲಿ. ಅದರ ಬಾಗಿಲ ಮೇಲಿನ ಹಲಗೆ ಬರೆದವರು ನೀವು. “ಇಲ್ಲಿ ಆಡಿದ ಮಾತು ಇಲ್ಲೇ ಇರಲಿ.” ನಾನು ಎಲ್ಲೂ ತಡವರಿಸದೆ ಓದಿದ ಮೊದಲ ಸಾಲು ಅದು. ವರ್ಷದ ಮೊದಲ ದಿನ ಪ್ರತಿ ಗುಂಪಿನವರೂ ಹೊಸಬರನ್ನು ಅದರ ಕೆಳಗೆ ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಾರೆ. ನಿಮ್ಮ ಗುಂಪಿನವರಿಗೆ ಓದಿಸಿದವರೂ ನೀವೇ. ಅಷ್ಟು ಧೈರ್ಯದಿಂದ ನಾನು ಇನ್ನಾರಿಗೂ ಏನನ್ನೂ ಹೇಳಿರಲಿಲ್ಲ ಅಕ್ಕ. ಹೇಳಿ ಮುಗಿಸಿದಾಗ ಮೈಮೇಲಿನ ಮೂಟೆ ಇಳಿಸಿದ ಹಾಗಾಗಿತ್ತು. ಆ ಮೂಟೆಯನ್ನು ನೀವು ಹೊತ್ತುಕೊಂಡು ಹೋಗಿ ಬಯಲಿನಲ್ಲಿ ಬಿಚ್ಚುತ್ತೀರಿ ಎಂದು ನನಗೆ ಹೇಗೆ ಗೊತ್ತಾಗಬೇಕು?

ಹೆಸರು ಹೇಳಲಿಲ್ಲ ಎಂದಿರಿ. ಶುಕ್ರವಾರ ನೀವು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. “ನಾನು ನಿನ್ನ ಹೆಸರು ಎಲ್ಲೂ ಎತ್ತಲಿಲ್ಲ ಕಣೇ. ಯಾರಿಗೆ ಗೊತ್ತಾಗತ್ತೆ ಹೇಳು?” ಆ ಕೋಣೆಯನ್ನು ಇನ್ನೆಷ್ಟು ಜನ ಗುಡಿಸುತ್ತಾರೆ ಅಕ್ಕ? ಆ ದಿನ ನೀವು ಬರುವ ಮುಂಚೆಯೇ ಕಾಲೇಜಿನ ಅಡುಗೆಯಮ್ಮ ನನ್ನನ್ನು ಬಾಗಿಲಲ್ಲೇ ತಡೆದು, ನಿನ್ನ ಕಥೆ ಕೇಳಿ ಸುರಿದಷ್ಟು ಕಣ್ಣೀರು ಈರುಳ್ಳಿ ಹೆಚ್ಚುವಾಗಲೂ ಸುರಿದಿಲ್ಲ ಎಂದು ತಬ್ಬಿಕೊಂಡರು. ಅವರದು ಒಳ್ಳೆಯ ಮನಸ್ಸು. ಒಂದು ಲೋಟ ಹಾಲನ್ನೂ ಕೊಟ್ಟರು. ಕುಡಿಯಲಾಗಲಿಲ್ಲ, ಕುಡಿಯದೆ ಇರಲೂ ಆಗಲಿಲ್ಲ.

ಇನ್ನು ಅಪ್ಪ. ನಿಮಗೆ ಅಪ್ಪ ಕಾಲೇಜಿನ ಕರೆಂಟು ಕೆಲಸದವರೆಂದು ಗೊತ್ತಿತ್ತು. ಆ ಸಂಜೆಯ ವೇದಿಕೆಯ ದೀಪಗಳೆಲ್ಲ ಅವರ ಕೈಯಲ್ಲೇ ಇದ್ದವು ಎಂಬುದು ನಿಮಗೆ ಹೊಳೆಯಲಿಲ್ಲವೋ, ಹೊಳೆದರೂ ಪರವಾಗಿಲ್ಲ ಅನ್ನಿಸಿತೋ ನನಗೆ ತಿಳಿಯದು. ಇದನ್ನು ಯೋಚಿಸಿ ಯೋಚಿಸಿ ಸಾಕಾಗಿದೆ. ನೀವು ಮಾತು ಮುಗಿಸಿ ಬಾಗಿದಾಗ ಬೆಳಕು ಆರಬೇಕಿತ್ತು, ಆರಲಿಲ್ಲ. ನೀವು ತುಂಬ ಹೊತ್ತು ಬೆಳಕಿನಲ್ಲೇ ನಿಂತಿರಿ, ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಬೇಕೆಂದೇ ಹಾಗೆ ಮಾಡಿಸಿದ್ದು, ಎಷ್ಟು ಚೆಂದವಿತ್ತು ಎಂದು ನನ್ನ ಪಕ್ಕದಲ್ಲಿದ್ದವರು ಹೇಳಿದರು. ನಾನು ವೇದಿಕೆಯ ಪಕ್ಕದ ಕಟ್ಟೆಯ ಕಡೆ ನೋಡಿದೆ. ಅಪ್ಪ ದೀಪದ ಗುಂಡಿಗಳ ಮೇಲೆ ಕೈಯಿಟ್ಟುಕೊಂಡು, ಅವನ್ನು ಹೇಗೆ ಒತ್ತುವುದೆಂದು ಮರೆತವರ ಹಾಗೆ ನಿಂತಿದ್ದರು.

ಮನೆಗೆ ಹೋದ ಮೇಲೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಚಪ್ಪಲಿ ಬಿಚ್ಚಿ ಗೋಡೆಗೆ ಸೇರಿಸಿಟ್ಟು, ನನ್ನ ಕಡೆ ತಿರುಗದೆಯೇ ಕೇಳಿದರು. “ನನ್ನನ್ನ ಕೇಳಿದ್ರೆ ನಾನು ಬೇಡ ಅಂತಿದ್ನಾ ಪುಟ್ಟಿ?”

ಅಮ್ಮನ ಹೆಸರು ಹೇಳುತ್ತೇನೆಂದಿದ್ದರೆ ಬೇಡ ಅನ್ನುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲವೇನೋ. ಅದನ್ನು ತಿಳಿದುಕೊಳ್ಳಬೇಕಾದವರು ನಾವಿಬ್ಬರೇ ಆಗಿದ್ದೆವು. ಈಗ ಏನಾದರೂ ಕೇಳಬೇಕೆಂದರೆ ಊರೆಲ್ಲ ಕೇಳಿಸಿಕೊಂಡ ಮೇಲೆ ಕೇಳಿದ ಹಾಗೆ.

ಅತ್ತೆ ಮರುದಿನವೇ ಬಂದರು. ಏನೆಂದರು ಎಂದು ಬರೆಯುವುದಿಲ್ಲ, ನಮ್ಮ ಮನೆಯ ಮಾತು ಹೊರಗೆ ಹೋದದ್ದು ಇಷ್ಟೇ ಸಾಕು. ಶನಿವಾರ ಸಾಲಿನವರು ಸೇರಿದರು. ಅಪ್ಪ ಹೋದರು, ಹೋಗದೆ ಇರಲಿಲ್ಲ. ನಾನು ಬಾಗಿಲ ಹೊರಗೆ ಎಲೆ ಗುಡಿಸುತ್ತಿದ್ದೆ. ಅಪ್ಪ ಕೊನೆಯ ಸಾಲಿನಲ್ಲಿ ಕೂತಿದ್ದರು, ಎರಡೂ ಪಕ್ಕದ ಕುರ್ಚಿಗಳು ಖಾಲಿ. ಕೋಣೆ ತುಂಬಿತ್ತು, ತಡವಾಗಿ ಬಂದವರು ಗೋಡೆಗೊರಗಿ ನಿಂತಿದ್ದರು, ಆ ಎರಡು ಕುರ್ಚಿಗಳಲ್ಲಿ ಮಾತ್ರ ಯಾರೂ ಕೂರಲಿಲ್ಲ. ಆ ಕುರ್ಚಿಗಳನ್ನು ಇಟ್ಟವಳು ನಾನೇ.

ನಿಮ್ಮ ಕಥೆಯಲ್ಲಿ ಅಪ್ಪ ಬೇರೆಯವರಾಗಿದ್ದರು. ಸತ್ತವಳ ಹೆಸರನ್ನೂ ಎತ್ತಕೂಡದೆಂದು ಮಗಳಿಗೆ ತಾಕೀತು ಮಾಡಿದ ಗಟ್ಟಿ ಮನುಷ್ಯ ಎಂದಿರಿ. ನಾನು ನಿಮಗೆ ಹೇಳಿದ್ದರಲ್ಲಿ ನಲ್ಲಿ ಬಿಟ್ಟು ಅತ್ತದ್ದೂ ಇತ್ತು. ಅದನ್ನು ಬಿಟ್ಟಿರಿ. ಅಳುವ ಅಪ್ಪ ಇದ್ದರೆ ಕಥೆಗೆ ಬೈಗುಳ ತಿನ್ನಲು ಯಾರೂ ಇರುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ನನ್ನನ್ನು ಎರಡು ನಂಬಿಕೆಗಳ ನಡುವಿನ ಸೇತುವೆ ಎಂದಿರಿ. ದೊಡ್ಡ ಮಾತು. ಆದರೆ ಸೇತುವೆಯ ಮೇಲೆ ಎಲ್ಲರೂ ಆಚೆ ಈಚೆ ನಡೆದು ಹೋಗುತ್ತಾರೆ, ಅದರ ಮನೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ.

ಸುತ್ತಿನವರ ಹಿರಿಯಮ್ಮ ನಿನ್ನೆ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಇನ್ನು ನೀನು ಸಂದಿನಲ್ಲಿ ನಿಲ್ಲಬೇಡ ಮಗಳೇ, ನಾಳೆ ನಮ್ಮ ದಿನ, ನಿನಗೊಂದು ಕುರ್ಚಿ ಹಾಕುತ್ತೇವೆ ಎಂದರು. ಅಮ್ಮ ಇದ್ದಾಗ ಈ ಮಾತು ಯಾರೂ ಆಡಲಿಲ್ಲವಲ್ಲ ಎನ್ನಿಸಿತು. ನಾನು ಆ ಕುರ್ಚಿಯಲ್ಲಿ ಕೂತರೆ ಅಪ್ಪನ ಪಕ್ಕದ ಕುರ್ಚಿಗಳು ಎಂದೆಂದಿಗೂ ಖಾಲಿ. ಕೂರದೆ ಸಂದಿಗೆ ಹೋದರೆ ಎಲ್ಲರ ಕಣ್ಣೂ ಅಲ್ಲಿಗೇ. ನನಗೆ ಅಷ್ಟಗಲದ ಒಂದು ಮರೆ ಇತ್ತು ಅಕ್ಕ, ಎರಡು ಪೊರಕೆ ಮತ್ತು ಒಬ್ಬಳು ಹುಡುಗಿ ಹಿಡಿಯುವಷ್ಟು. ಅದು ಹೋಯಿತು.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕೆಟ್ಟವರಾಗಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ, ಬೇರೆ ದಾರಿ ಹಿಡಿದು ಹೋಗುತ್ತಿದ್ದೆ. ನನಗೆ ಅಕ್ಷರ ಕಲಿಸುವಾಗ ತಪ್ಪಿದ್ದನ್ನು ತಿದ್ದದೆ, ಮೊದಲು ಸರಿಯಾಗಿದ್ದುದನ್ನು ಹೊಗಳುತ್ತಿದ್ದಿರಿ. ಅದಕ್ಕೇ ಹೆಚ್ಚು ನೋಯುತ್ತದೆ. ಗೊತ್ತಿಲ್ಲದವರು ಹೀಗೆ ಮಾಡಿದ್ದರೆ ಕಾಲು ತುಳಿದರೆಂದು ಸುಮ್ಮನಾಗುತ್ತಿದ್ದೆ. ನೀವು ಎಲ್ಲಿ ತುಳಿಯಬಾರದೆಂದು ಗೊತ್ತಿದ್ದ ಒಬ್ಬರೇ ಒಬ್ಬರು.

ಕೇಳುವುದು ಇಷ್ಟೇ. ದೊಡ್ಡ ಸಭೆಯಲ್ಲಿ ನಮ್ಮ ಕಥೆ ಹೇಳಬೇಡಿ. ನಾನು ಬರುವುದಿಲ್ಲ. ನಾನಿಲ್ಲದೆಯೂ ಹೇಳಬೇಡಿ. ಹುಡುಗಿಯ ಊರು ಬದಲಿಸಿ, ಕೆಲಸ ಬದಲಿಸಿಯೂ ಹೇಳಬೇಡಿ. ಇಲ್ಲ ಎಂದು ಯಾರಿಗಾದರೂ ಹೇಳಿ ನನಗೆ ಅಭ್ಯಾಸವಿಲ್ಲ, ಅದಕ್ಕೇ ಮತ್ತೊಮ್ಮೆ ಬರೆಯುತ್ತೇನೆ. ಇಲ್ಲ.

ಸಂಜೆಯ ಪಾಠಕ್ಕೆ ಸದ್ಯಕ್ಕೆ ಬರುವುದಿಲ್ಲ. ಒತ್ತಕ್ಷರಗಳು ಅರ್ಧಕ್ಕೆ ನಿಂತಿವೆ, ಅವನ್ನು ಹೇಗೋ ನೋಡಿಕೊಳ್ಳುತ್ತೇನೆ. ಚಳಿ ಬರುತ್ತಿದೆ, ನಿಮಗೆ ಬೇಗ ಕೆಮ್ಮು ಹಿಡಿಯುತ್ತದೆ. ಬಿಸಿನೀರು ಕುಡಿಯಿರಿ.

ಇಂತಿ,
ಎಲ್ಲರ ಕೋಣೆ ಗುಡಿಸುವವಳು

ಮರೆತದ್ದು: ಅಮ್ಮನ ಕಾಯಿಲೆ, ಮದುವೆ, ಅಡುಗೆಮನೆಯ ಕಿಟಕಿ ಎಲ್ಲವನ್ನೂ ಕೆದಕಿ ಕೆದಕಿ ಕೇಳಿದಿರಿ. ಅವಳ ಹೆಸರು ಏನೆಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಆಗ ನನಗೂ ಅದು ಹೊಳೆಯಲಿಲ್ಲ. ಈಗ ಇಲ್ಲಿ ಬರೆಯುವುದೂ ಇಲ್ಲ.

ಇವತ್ತು ಬೆಳಿಗ್ಗೆ ಸುತ್ತಿನವರಿಗೆ ಕುರ್ಚಿ ದುಂಡಗೆ ಜೋಡಿಸಿ, ಅವರು ಬರುವ ಮೊದಲೇ ಹೊರಗೆ ಬಂದೆ. ಅಪ್ಪ ಅಂಗಳದಲ್ಲಿ ಏಣಿ ಹತ್ತಿ, ಮರಗಳಿಗೆ ಕಟ್ಟಿದ್ದ ಬಣ್ಣದ ದೀಪಗಳನ್ನು ಬಿಚ್ಚುತ್ತಿದ್ದರು. ನೆಲ ಒದ್ದೆಯಾಗಿತ್ತು, ಏಣಿ ಜಾರೀತೆಂದು ಹೋಗಿ ಹಿಡಿದುಕೊಂಡೆ. ಅವರ ಇಕ್ಕಳ ಏಣಿಯ ಬುಡದಲ್ಲಿತ್ತು. ನಾಲ್ಕು ದಿನದಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಒಳಗೆ ಸುತ್ತು ಶುರುವಾಯಿತು, ಒಂದೊಂದೇ ಹೆಸರು ಕಿಟಕಿಯಿಂದ ಹೊರಗೆ ಬರತೊಡಗಿತು. ಅವು ಮುಗಿಯುವವರೆಗೆ ಕಾದು, ನಾನು ಏಣಿಯ ಬುಡದಲ್ಲಿ ನಿಂತು ಅಮ್ಮನ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಮೇಲೆ ಅಪ್ಪನ ಕೈ ನಿಂತಿತು. ನಾನು ತಲೆ ಎತ್ತಲಿಲ್ಲ. ಅವರು ಎಂದಿನಂತೆ ಮೇಲಿನಿಂದಲೇ ಕೈ ಕೆಳಗೆ ಚಾಚಿದರು. ನಾನು ಇಕ್ಕಳ ಕೊಟ್ಟೆ.