ನಿಮ್ಮಪ್ಪ ಕಳ್ಳರಲ್ಲ, ಮಗಳೇ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಅಮ್ಮನ ಮುತ್ತುಗಳು. ಕರ್ತನ ದಯೆಯಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ಕಳ್ಳರಲ್ಲ. ಈ ಎರಡನೆಯ ಮಾತನ್ನೇ ಮೊದಲು ಬರೆಯಬೇಕಿತ್ತೇನೋ. ನೀನು ನಮ್ಮ ಆರೋಗ್ಯ ವಿಚಾರಿಸಿರುವುದು ಪತ್ರದ ಕೊನೆಯ ಸಾಲಿನಲ್ಲಿ, ಅದೂ ಮೂಲೆಯಲ್ಲಿ ಒತ್ತಿ ತುರುಕಿ.

ನಮ್ಮ ಪಾಸ್ಟರ ತಂಗಿ ನಿಮ್ಮ ಸಭೆಗೇ ಬರುತ್ತಾಳೆಂಬುದು ನನಗೆ ನೆನಪೇ ಇರಲಿಲ್ಲ. ನಿಮ್ಮಪ್ಪ ಹಿಂದೆ ಕಳ್ಳರಾಗಿದ್ದರೆಂದು ಅವಳು ನಿನ್ನ ಅತ್ತೆಗೆ ಹೇಳಿದಳು, ಅತ್ತೆ ಅಂದಿನಿಂದ ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಾರೆ ಎಂದು ಬರೆದಿದ್ದೀಯ. ಓದಿ ನಿಮ್ಮಪ್ಪ ಊಟದ ತಟ್ಟೆಯ ಮುಂದೆ ತಲೆ ತಗ್ಗಿಸಿಕೊಂಡು ಕೂತರು. ನಾನು ಮಾತ್ರ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಫೋನಿನಲ್ಲಿ ಇದನ್ನೆಲ್ಲ ಹೇಳೋಣವೆಂದರೆ ನಿನ್ನ ಅತ್ತೆಯ ಕಿವಿ ಬಲು ಚುರುಕು. ಅದಕ್ಕೇ ಕಾಗದ, ಪೆನ್ನು ಹಿಡಿದು ಕೂತಿದ್ದೇನೆ. ಸಮಾಧಾನವಾಗಿ ಓದು.

ನಡೆದದ್ದು ಇಷ್ಟೇ. ಕಳೆದ ವರ್ಷ ಪಾಸ್ಟರು ಶೋಧನೆಯ ವಿಷಯವಾಗಿ ಪಾಠಗಳನ್ನು ಶುರು ಮಾಡಿದರು. ಮನುಷ್ಯ ಆಸೆಗೆ ಹೇಗೆ ಬೀಳುತ್ತಾನೆ, ದೇವರು ಹೇಗೆ ಎತ್ತುತ್ತಾನೆ ಎಂದು ತಾವು ಹೇಳಿದರೆ ಸಾಲದು, ನೀವೂ ನಿಮ್ಮ ನಿಮ್ಮ ಜೀವನದಿಂದ ಸಾಕ್ಷಿ ಹೇಳಬೇಕು ಎಂದರು. ನಿಮ್ಮಪ್ಪನ ಸರದಿ ಬಂತು. ಹಲ್ಲಿನ ಡಾಕ್ಟರಮ್ಮ ಗೊತ್ತಲ್ಲ, ಮೂಲೆಮನೆಯವರು? ಅವರ ಬೀರುವಿನ ಬೀಗ ಕಚ್ಚಿಕೊಂಡಿತೆಂದು ಇವರನ್ನು ಕರೆದಿದ್ದರಂತೆ. ಇವರು ಬಾಗಿಲು ತೆಗೆದಾಗ ಕಣ್ಣೆದುರಿಗೇ ಒಂದು ಉಂಗುರ, ಹಸಿರು ಕಲ್ಲಿನದು. ಡಾಕ್ಟರಮ್ಮ ಅಡುಗೆಮನೆಯಲ್ಲಿ. ಇವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಬೆರಳನ್ನು ನೆನೆದುಕೊಂಡರಂತೆ. ಮನಸ್ಸಿನಲ್ಲೇ ದೇವರನ್ನು ಕೂಗಿ, ಉಂಗುರ ಇದ್ದಲ್ಲೇ ಇಟ್ಟು, ಕೂಲಿಯನ್ನೂ ಮರೆತು ಮನೆಗೆ ಓಡಿಬಂದಿದ್ದರು. ಆ ಸಂಜೆ ಅವರು ಬಾಗಿಲಲ್ಲೇ ನಿಂತು ಹೇಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಿಜವಾದ ಕಥೆ ಅಷ್ಟೇ, ಮತ್ತು ನನಗೆ ಅದು ಬಹಳ ದೊಡ್ಡ ಕಥೆ.

ಸಭೆಗೆ ಮಾತ್ರ ಅದು ದೊಡ್ಡದಾಗಿ ಕಾಣಲಿಲ್ಲ. ಇವರಿಗಿಂತ ಮುಂಚೆ ಲಾರಿ ಅಣ್ಣ ತನ್ನ ಕುಡಿತದ ದಿನಗಳನ್ನು ಹೇಳಿ ಎಲ್ಲರನ್ನೂ ಅಳಿಸಿ ಕೂತಿದ್ದ. ಆಮೇಲೆ ಇವರ ಉಂಗುರ. ಹಾಡಿನ ತಂಡದವಳು ಪುಸ್ತಕದ ಹಾಳೆ ತಿರುವುತ್ತಿದ್ದಳು, ಖಜಾಂಚಿ ಆಕಳಿಸಿದರು, ಪಾಸ್ಟರು ಬೆನ್ನು ತಟ್ಟಿ ಚಿಕ್ಕದಾದರೂ ಚೊಕ್ಕವಾಗಿತ್ತು ಎಂದರು. ನಿಮ್ಮಪ್ಪನಿಗೆ ಆ ಚಿಕ್ಕದು ಎಂಬ ಮಾತು ಮುಳ್ಳಿನಂತೆ ಚುಚ್ಚಿತು.

ಮುಂದಿನ ಪ್ರಾರ್ಥನಾ ಕೂಟದಲ್ಲಿ ಹೇಳುವಾಗ ಉಂಗುರ ಜೇಬಿಗೆ ಇಳಿಯಿತು. ಕಣ್ಣೀರಿಟ್ಟು ಹಿಂದಿರುಗಿಸಿದರು ಎಂದಾಯಿತು. ನಾಲ್ಕು ಜನ ಆಮೆನ್ ಎಂದರು. ಅದರ ಮುಂದಿನ ಕೂಟದಲ್ಲಿ ಹಿಂದಿರುಗಿಸಲೂ ಇಲ್ಲ. ಹೀಗೇ ಕಥೆಗೆ ರೆಕ್ಕೆ ಪುಕ್ಕ ಹುಟ್ಟಿಕೊಂಡು, ಕೊನೆಗೆ ನಿಮ್ಮಪ್ಪ ಕತ್ತಲಾದರೆ ಊರಿನ ಬೀಗಗಳನ್ನೆಲ್ಲ ತೆಗೆಯುತ್ತಿದ್ದ ದೊಡ್ಡ ಕಳ್ಳರಾಗಿಬಿಟ್ಟರು. ಒಂಬತ್ತು ಗಂಟೆಗೆ ಗೊರಕೆ ಹೊಡೆಯುವ ಮನುಷ್ಯ! ಅಕ್ಕಪಕ್ಕದ ಸಭೆಗಳಿಂದ ಕರೆ ಬಂತು. ಜೈಲಿನ ಪ್ರಾರ್ಥನಾ ಕೂಟಕ್ಕೂ ಕರೆದುಕೊಂಡು ಹೋದರು.

ನೀನು ಯಾಕೆ ತಡೆಯಲಿಲ್ಲ ಎಂದು ಕೇಳುತ್ತೀಯ, ಗೊತ್ತು. ಆ ಕಥೆಯಲ್ಲಿ ನಾನೂ ಇದ್ದೆ ಕಣೇ. ಗಂಡನಿಗಾಗಿ ದಿಂಬು ತೋಯುವಂತೆ ಅತ್ತು ಪ್ರಾರ್ಥಿಸಿದ ಹೆಂಡತಿ. ಹೆಂಗಸರು ಬಂದು ನನ್ನ ಕೈ ಹಿಡಿದುಕೊಂಡು, ಅಕ್ಕಾ ನಿಮ್ಮ ತಾಳ್ಮೆ ನಮಗೂ ಸ್ವಲ್ಪ ಬರಲಿ ಎನ್ನುತ್ತಿದ್ದರು. ಮುಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ ನನಗೊಂದು ಕುರ್ಚಿ. ಮನೆಗೆ ಬಂದು ಇವರನ್ನು ಬೈಯುತ್ತಿದ್ದೆ. ಭಾನುವಾರ ಬಂದರೆ ಅದೇ ಕುರ್ಚಿಯಲ್ಲಿ ಕೂರುತ್ತಿದ್ದೆ.

ಆದರೆ ನಮ್ಮ ಬೀಗ ರಿಪೇರಿ ಅಂಗಡಿ ಬರಬರುತ್ತ ಖಾಲಿಯಾಯಿತು. ಬೇಕರಿ ಅಮ್ಮ ತನ್ನ ಅಂಗಡಿಯ ಶಟರಿನ ಬೀಗಕ್ಕೆ ಎಂದೂ ಬೇರೆ ಯಾರನ್ನೂ ಕರೆದವಳಲ್ಲ. ಅವಳೂ ಸೇತುವೆಯಾಚೆಯ ಬೀಗದವನನ್ನು ಕರೆಸಿದಳು. ಎಲ್ಲರೂ ಇವರನ್ನು ಕಂಡರೆ ಸ್ತೋತ್ರ ಎಂದು ಕೈ ಕುಲುಕುತ್ತಿದ್ದರು, ಯಾರೂ ಬೀಗದ ಕೈ ಮಾತ್ರ ಕೊಡುತ್ತಿರಲಿಲ್ಲ. ಇದು ಸೈತಾನನ ವಿರೋಧ ಎಂದು ನಿಮ್ಮಪ್ಪ ನನಗೆ ವಿವರಿಸಿದರು. ಸೈತಾನನಿಗೆ ಬೇರೆ ಕೆಲಸ ಇಲ್ಲವೇ ಎಂದೆ.

ಇಂಥ ದಿನಗಳಲ್ಲೇ ಉದ್ದಣ್ಣ ಬಂದ. ಹೆಸರಿಗೆ ತಕ್ಕ ಹಾಗೆ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರಬೇಕಾದ ಆಳು, ನಿಮ್ಮಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವನಿರಬಹುದು. ಇವನು ನಿಜವಾದ ಕಳ್ಳ. ಜೈಲಿನಲ್ಲಿ ಇವರ ಸಾಕ್ಷಿ ಕೇಳಿದ್ದವನು, ಬಿಡುಗಡೆಯಾದವನೇ ಕೈಯಲ್ಲೊಂದು ಚೀಲ ಹಿಡಿದು ನೇರ ಅಂಗಡಿಗೆ ಬಂದು ನಿಂತ. “ಅಣ್ಣಾ, ನಿಮ್ಮಂಥೋರನ್ನೇ ದೇವರು ಕೈಬಿಡ್ಲಿಲ್ಲ ಅಂದ್ರೆ ನನಗೂ ಒಂದು ದಾರಿ ಇರ್ಬೇಕಲ್ವಾ? ನಿಮ್ಮ ಹತ್ರ ಕೆಲಸ ಕಲೀತೀನಿ” ಎಂದ. ನಿಮ್ಮಪ್ಪ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದ, ಹಳೆಯ ಗಿರಾಕಿಗಳ ಬೀಗದ ಕೈಗಳ ನಕಲುಗಳನ್ನು ನೋಡಿದೆ. ಬೇಡ ಎನ್ನುವುದಕ್ಕೆ ಯಾವ ಬಾಯಿ ಇತ್ತು, ಹೇಳು. ದೊಡ್ಡ ಕಳ್ಳರು ಸಣ್ಣ ಕಳ್ಳನನ್ನು ನಂಬುವುದಿಲ್ಲ ಎಂದರೆ ಕರ್ತನ ಹೆಸರಿಗೇ ಅವಮಾನ.

ಹೀಗೆ ಉದ್ದಣ್ಣ ನಮ್ಮವನಾದ. ಅರ ಹಿಡಿದು ಕೀ ಉಜ್ಜುವುದರಲ್ಲಿ ನಿಧಾನ, ಆದರೆ ಅಂಗಡಿಯನ್ನು ಎಷ್ಟು ಚೊಕ್ಕಟವಾಗಿಟ್ಟನೆಂದರೆ ನಿಮ್ಮಪ್ಪನಿಗೆ ತಮ್ಮ ಸ್ಕ್ರೂಡ್ರೈವರ್ ಸಿಗದಂತಾಯಿತು. ಸಂಜೆ ಹೊತ್ತು ಅಂಗಡಿ ಅವನ ಕೈಗೆ ಬಿಟ್ಟು ನಾವಿಬ್ಬರೂ ಟೀ ಕುಡಿಯಲು ಹೋಗುತ್ತಿದ್ದೆವು. ಭಾನುವಾರ ನಮ್ಮ ಜೊತೆ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಹಾಡು ಬರದಿದ್ದರೂ ತುಟಿ ಆಡಿಸುತ್ತಿದ್ದ.

ಹೋದ ಬುಧವಾರ ಆಗಬಾರದ್ದು ಆಯಿತು. ಸಭೆಯ ಕಾಣಿಕೆ ಪೆಟ್ಟಿಗೆಯ ಬೀಗ ಕೆಟ್ಟು ನಿಂತಿತು. ಆ ಬೀಗ ಹಾಕಿಕೊಟ್ಟವರೇ ನಿಮ್ಮಪ್ಪ, ಬಿಟ್ಟಿಯಾಗಿ. ಖಜಾಂಚಿ ನಮ್ಮ ಅಂಗಡಿಯ ಮುಂದೆಯೇ ಹಾದು, ನಗುನಗುತ್ತ ಕೈಬೀಸಿ, ಸೇತುವೆಯಾಚೆ ಹೋಗಿ ಆ ಇನ್ನೊಬ್ಬನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ನಿಮ್ಮಪ್ಪ ಅರ ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಲಿಲ್ಲ. ಉದ್ದಣ್ಣ ಸ್ಕೂಟರ್ ಹೋದ ಕಡೆ ನೋಡಿ, “ನಿಮ್ಮನ್ನೇ ನಂಬಲ್ಲ ಅಂದ್ಮೇಲೆ ನನ್ನನ್ನ ಇನ್ಯಾವ ಕಾಲಕ್ಕೆ ನಂಬ್ತಾರೆ ಅಣ್ಣಾ? ಈ ಭಾನುವಾರ ಬರ್ತೀನಿ, ಎಲ್ಲರಿಗೂ ಹೇಳಿ ಹೋಗೋದಕ್ಕೆ. ಆಮೇಲೆ ನನ್ನ ದಾರಿ ನನಗೆ” ಎಂದ. ಅವನ ದಾರಿ ಯಾವುದೆಂದು ನಮಗಿಬ್ಬರಿಗೂ ಗೊತ್ತಿತ್ತು.

ಪುಟ್ಟಿ, ಆವತ್ತು ನಿಮ್ಮಪ್ಪ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರು. ಸುಮ್ಮನಿದ್ದರೆ, ಕಳ್ಳನಿಗೆ ಕ್ಷಮೆ ಸಿಗುವುದು ಬಾಯಿಮಾತಿಗೆ ಮಾತ್ರ ಎಂದುಕೊಂಡು ಉದ್ದಣ್ಣ ಹೊರಟುಹೋಗುತ್ತಾನೆ. ನಿಜ ಹೇಳಿದರೆ, ಯಾರನ್ನು ನೋಡಿ ನನಗೂ ದಾರಿಯಿದೆ ಎಂದುಕೊಂಡನೋ ಆ ಮನುಷ್ಯನೇ ಸುಳ್ಳು ಎಂದಾಗುತ್ತದೆ. ನನ್ನ ಚಪ್ಪಾಳೆಯ ಆಸೆಗೆ ಒಂದು ಜೀವ ಹಾಳಾಗ್ತಿದೆಯಲ್ಲೇ ಎಂದು ಇವರು ಮಗುವಿನಂತೆ ಅತ್ತರು. ಸುಳ್ಳನ್ನು ಆಧಾರ ಕೊಟ್ಟು ನಿಲ್ಲಿಸುವುದು ದೇವರ ಕೆಲಸವಲ್ಲ, ನೀವು ನಿಜ ಹೇಳಿ, ಅವನನ್ನು ಹಿಡಿದುಕೊಳ್ಳುವುದು ದೇವರಿಗೆ ಬಿಡಿ ಎಂದೆ. ಧೈರ್ಯದಿಂದ ಹೇಳಿದೆನೇ ಹೊರತು ನನಗೂ ಭಯವಿತ್ತು.

ನಿನ್ನೆ ಇವರು ಎದ್ದು ನಿಂತರು. ಕಿವಿ ಎರಡೂ ಕೆಂಪು. “ನಾನು ಕಳ್ಳನಲ್ಲ” ಎಂದರು. ಸಭೆಯೆಲ್ಲ ಆಮೆನ್ ಎಂದಿತು! “ನಾನು ಕಳ್ಳನಾಗಿರಲೇ ಇಲ್ಲ” ಎಂದರು. ಕೃಪೆಯಿಂದ ಹಳೆಯದೆಲ್ಲ ಅಳಿಸಿಹೋಯಿತು ಎಂಬ ಅರ್ಥ ಮಾಡಿಕೊಂಡು ಲಾರಿ ಅಣ್ಣ ಹಲ್ಲೆಲೂಯ ಎಂದು ಚಪ್ಪಾಳೆ ತಟ್ಟಿದ. ಕೊನೆಗೆ ನಿಮ್ಮಪ್ಪ ಮೈಕನ್ನೇ ಗಟ್ಟಿಯಾಗಿ ಹಿಡಿದು, “ಅಯ್ಯೋ, ಸ್ವಲ್ಪ ಕೇಳ್ರಪ್ಪಾ! ನಾನು ಹೇಳಿದ್ದು ಸುಳ್ಳು. ಒಂದು ಗುಂಡುಸೂಜೀನೂ ಕದ್ದವನಲ್ಲ” ಎಂದು ಕೂಗಿದರು. ಆಗ ಲಾರಿ ಅಣ್ಣನ ಚಪ್ಪಾಳೆ ನಿಂತಿತು. ಹಸಿರು ಕಲ್ಲಿನ ಉಂಗುರದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಉಂಗುರದ ಶೋಧನೆಯಲ್ಲಿ ದೇವರು ನನ್ನನ್ನು ಗೆಲ್ಲಿಸಿದ, ಅದನ್ನು ನಿಮಗೆ ಹೇಳುವ ಶೋಧನೆಯಲ್ಲಿ ನಾನು ಸೋತೆ, ಕ್ಷಮಿಸಿ ಎಂದರು. ಈ ಸಲ ಯಾರೂ ಆಕಳಿಸಲಿಲ್ಲ. ನಾನು ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಬೆವರುತ್ತಿದ್ದೆ.

ಹಾಗಾದ್ರೆ ನಾನು ಸುರಿಸಿದ ಕಣ್ಣೀರು ವಾಪಸ್ ಕೊಡಯ್ಯಾ ಎಂದು ಲಾರಿ ಅಣ್ಣ ಗದರಿದ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಉದ್ದಣ್ಣ ಎದ್ದು ನಿಂತಿದ್ದ. ಇವರು ಕಳ್ಳರಲ್ಲ ಅನ್ನೋದು ಜೈಲಿನಲ್ಲಿದ್ದ ನಮಗೆಲ್ಲ ಆವತ್ತೇ ಗೊತ್ತಾಗಿತ್ತು ಎಂದ. “ಕದ್ದಿದ್ದನ್ನ ಎಲ್ಲಿ ಮಾರ್ತಿದ್ರಿ ಅಂತ ನಮ್ಮವನೊಬ್ಬ ಕೇಳಿದ್ದಕ್ಕೆ, ಪಾಪ, ಒಳ್ಳೆ ಅಂಗಡೀಲಿ, ರಸೀದಿ ತಗೊಂಡು ಅಂದ್ರು. ರಾತ್ರಿಯೆಲ್ಲ ನಕ್ಕಿದ್ವಿ” ಎಂದ. ಮತ್ತೆ ಇವರನ್ನು ಹುಡುಕಿಕೊಂಡು ಬಂದದ್ದೇಕೆ ಎಂದು ಪಾಸ್ಟರು ಕೇಳಿದರು. ಜೈಲಿನಿಂದ ಬಂದವನಿಗೆ ಕೆಲಸ ಕೊಡುವವರು ಯಾರೂ ಇಲ್ಲ, ತಾನೇ ಕಳ್ಳ ಎಂದು ಸಾರಿಕೊಂಡ ಮನುಷ್ಯ ನನ್ನನ್ನು ಹೇಗೆ ಬೇಡ ಎಂದಾರು ಎಂದು ಬಂದೆ ಎಂದ. ನಿಮ್ಮಪ್ಪನ ಮುಖ ಇಂಗು ತಿಂದ ಮಂಗನಂತಾಗಿತ್ತು.

ಆಮೇಲೆ ಅವನ ದನಿ ಬದಲಾಯಿತು. ಮೊದಲ ವಾರ ಯಾವ ಕೀ ಯಾವ ಮನೆಯದು ಎಂದು ಮನಸ್ಸಿನಲ್ಲೇ ಗುರುತು ಮಾಡಿಕೊಂಡಿದ್ದೆ ಎಂದ. “ಆದ್ರೆ ಅಣ್ಣ ಬೀದಿಯವರ ಕೀಯೆಲ್ಲ ನನ್ನ ಕೈಗೆ ಬಿಟ್ಟು ಟೀ ಕುಡಿಯೋಕೆ ಹೋಗೋರು. ಒಂದ್ಸಲಾನೂ ಹಿಂದೆ ತಿರುಗಿ ನೋಡ್ಲಿಲ್ಲ. ನನ್ನನ್ನ ಹಾಗೆ ಒಬ್ಬನೇ ಬಿಟ್ಟು ಹೋದವರು ಇವತ್ತಿನ ತನಕ ಯಾರೂ ಇಲ್ಲ. ಕೈ ಮುಟ್ಟೋಕೆ ಆಗ್ಲಿಲ್ಲ. ಅಲ್ಲೇ, ಸ್ಟೂಲಿನ ಮೇಲೆ ಕೂತು, ಮೊದಲನೇ ಸಲ ನಾನಾಗೇ ಪ್ರಾರ್ಥನೆ ಮಾಡ್ದೆ. ಇವರ ಸಾಕ್ಷಿ ಸುಳ್ಳಾದ್ರೆ ಆಗ್ಲಿ. ನಾನು ನಂಬಿದ್ದು ಅದನ್ನಲ್ಲ” ಎಂದು ಕೂತುಬಿಟ್ಟ. ಖಜಾಂಚಿ ಕನ್ನಡಕ ತೆಗೆದು ಒರೆಸಿಕೊಂಡರು. ಲಾರಿ ಅಣ್ಣ ಮತ್ತೆ ಅತ್ತ.

ಉದ್ದಣ್ಣ ಹೋಗುವುದಿಲ್ಲ. ಆರಾಧನೆ ಮುಗಿದದ್ದೇ ತಡ ಬೇಕರಿ ಅಮ್ಮ ತನ್ನ ಶಟರಿನ ಕೆಲಸವನ್ನು ಅವನಿಗೇ ಒಪ್ಪಿಸಿದಳು, ಸುಳ್ಳು ಹೇಳೋರಿಗಿಂತ ನೀನೇ ವಾಸಿ ಕಣಪ್ಪಾ ಎಂದು ನಿಮ್ಮಪ್ಪನಿಗೆ ಕೇಳಿಸುವಂತೆಯೇ ಹೇಳಿದಳು. ಪಾಸ್ಟರು ಇವರಿಗೆ ಮೈಕಿನ ಹತ್ತಿರ ಸುಳಿಯಬಾರದೆಂದು ಹೇಳಿ, ಕುರ್ಚಿ ಜೋಡಿಸುವ ಕೆಲಸ ಕೊಟ್ಟಿದ್ದಾರೆ. ಇವರು ಬೆಳಿಗ್ಗೆಯಿಂದ ರಾಗವಿಲ್ಲದೆ ಹಾಡಿಕೊಂಡು ಓಡಾಡುತ್ತಿದ್ದಾರೆ. ಎಷ್ಟೋ ತಿಂಗಳ ಮೇಲೆ ನನ್ನ ಗಂಡ ನನಗೆ ವಾಪಸ್ಸು ಸಿಕ್ಕಿದ್ದಾರೆ.

ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು. ನಮ್ಮಪ್ಪ ಕಳ್ಳರಲ್ಲವಂತೆ, ಬರೀ ಸುಳ್ಳುಗಾರರಂತೆ ಎಂದು ತಿಳಿಸು. ಬೀಗದ ಕೈಯನ್ನು ಸೊಂಟದಿಂದ ತೆಗೆಯುವುದು ಬಿಡುವುದು ಅವರಿಗೆ ಬಿಟ್ಟದ್ದು. ಅಳಿಯಂದಿರಿಗೆ ಆಶೀರ್ವಾದ. ನಿನ್ನ ಕೆಮ್ಮು ಹೇಗಿದೆ ಎಂದು ಬರಿ.

ಇಂತಿ,
ದಿಂಬು ತೋಯಿಸದ
ನಿನ್ನ ಅಮ್ಮ

ತಾ.ಕ.: ಪುಟ್ಟಿ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಮೊದಮೊದಲು ನಾವು ಟೀ ಕುಡಿಯಲು ಹೋಗುತ್ತಿರಲಿಲ್ಲ. ಎದುರಿನ ಪೇಂಟ್ ಅಂಗಡಿಯ ಬೋರ್ಡಿನ ಹಿಂದೆ ನಿಂತು ಅವನನ್ನೇ ಕಾಯುತ್ತಿದ್ದೆವು. ನಿಮ್ಮಪ್ಪ ಹಿಂದೆ ತಿರುಗಿ ನೋಡದೆ ಹೋದದ್ದು ನಿಜ. ಗಲ್ಲಿ ಸುತ್ತಿಕೊಂಡು ಆ ಕಡೆಯಿಂದ ಬರಬೇಕಿತ್ತಲ್ಲ! ನೋಡು, ಈಗ ಕೀ ತೆಗೀತಾನೆ ಎಂದು ಇವರು, ಸುಮ್ಮನಿರಿ, ಕೇಳಿಸೀತು ಎಂದು ನಾನು. ಅವನು ತೆಗೆಯಲೇ ಇಲ್ಲ. ಒಂದು ದಿನ ನನ್ನ ಮಂಡಿ ನೋವು ತಡೆಯಲಾರದೆ ಹೋಟೆಲಿಗೆ ಹೋಗಿ ಕೂತೆ, ಇವರೂ ಹಿಂದೆಯೇ ಬಂದರು. ನಿನ್ನ ವಿಷಯ ಮಾತಾಡುತ್ತ ಟೀ ಕುಡಿದು ಮುಗಿಸಿದ ಮೇಲೆ, ಅವನನ್ನು ಕಾಯುವುದೇ ಮರೆತುಹೋಯಿತೆಂದು ಇಬ್ಬರಿಗೂ ಹೊಳೆಯಿತು. ಆವತ್ತಿನಿಂದ ಕಾದಿಲ್ಲ. ನಿನ್ನೆ ಉದ್ದಣ್ಣ ಆ ಮಾತು ಹೇಳಿದಾಗ ನಿಮ್ಮಪ್ಪ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಮನೆಗೆ ಬಂದ ಮೇಲೂ ಇಬ್ಬರೂ ಅದರ ಮಾತೆತ್ತಿಲ್ಲ. ಬರುವ ಭಾನುವಾರ ಸಾಕ್ಷಿ ಹೇಳಲು ನಾನು ಹೆಸರು ಕೊಟ್ಟು ಬಂದಿದ್ದೇನೆ. ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ.