ಗಂಡಂದಿರ ಸಹಿ

ಪಾರ್ಕ್‌ಲ್ಯಾಂಡ್ಸ್, ನೈರೋಬಿ
16 ನವೆಂಬರ್ 2024

ಪ್ರೀತಿಯ ಶಾಂತಾ,

ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಆಗಸ್ಟಿನಲ್ಲಿ ನೀನು ಕೇಳಿದ್ದಕ್ಕೆ ನವೆಂಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು, ಬೈಸಿಕೊಳ್ಳುವುದು ಈಗೀಗ ನನಗೆ ಅಭ್ಯಾಸವಾಗಿದೆ. ಈ ಕಾಲದಲ್ಲೂ ಕಾಗದವೇ ಎಂದು ನಗಬೇಡ. ಕೆಲವು ಮಾತು ಫೋನಿನಲ್ಲಿ ಆಡಲು ಬಾಯಿ ಬರುವುದಿಲ್ಲ. ಡಾಕ್ಟರ್ ಗೋಪಿನಾಥ್ ನಾಳಿದ್ದು ಮೈಸೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

"ಪ್ರಾಜೆಕ್ಟ್ ಎಲ್ಲಿಗೆ ಬಂತು?" ಎಂದು ನೀನು ಕೇಳಿದ್ದೆ. ಎಲ್ಲಿಗೂ ಬರಲಿಲ್ಲ ಕಣೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಾನಸಗಂಗೋತ್ರಿಯಲ್ಲಿ ಇಬ್ಬರೂ ಒಟ್ಟಿಗೆ ಎಂ.ಎ. ಮಾಡಿದೆವು. ಚಿನ್ನದ ಪದಕ ನನಗೆ ಬಂತು, ಕೆಲಸ ನಿನಗೆ ಬಂತು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸರಿ, ಸ್ವಲ್ಪ ಇದೆ. ಮದುವೆಯಾಗಿ ನಾನು ರಘು ಹಿಂದೆ ದೆಹಲಿ, ಕಠ್ಮಂಡು, ನೈರೋಬಿ ಎಂದು ಸುತ್ತಿದೆ. ದೇಶ ಬದಲಾಯಿತು, ಕಾಗದಪತ್ರಗಳಲ್ಲಿ ನನ್ನ ಹೆಸರಿನ ಮುಂದಿನ ಪದ ಬದಲಾಗಲಿಲ್ಲ: ಡಿಪೆಂಡೆಂಟ್. ನಲವತ್ತೇಳನೆಯ ವಯಸ್ಸಿನಲ್ಲಿ ಇಲ್ಲಿನ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್‌ಡಿ ಮಾಡುತ್ತೇನೆ ಎಂದರೆ, ನಿಮ್ಮ ಎಂ.ಎ. ಬಹಳ ಹಳೆಯದು, ಇನ್ನೊಂದು ಮಾಡಿ ಎಂದರು. ಮಾಡಿದೆ. ಎರಡು ವರ್ಷ ಮಟಾಟು ಎಂಬ ಇಲ್ಲಿನ ಮಿನಿಬಸ್ಸಿನಲ್ಲಿ ನೂಕಿಸಿಕೊಂಡು ಹೋಗಿ, ಮಕ್ಕಳ ವಯಸ್ಸಿನವರ ಪಕ್ಕದಲ್ಲಿ ಕೂತು ಪಾಠ ಕೇಳಿದೆ. ಉಳಿದಿದ್ದು ಪ್ರಾಜೆಕ್ಟ್ ಒಂದೇ. ಈ ತಿಂಗಳ ಮೂವತ್ತಕ್ಕೆ ಕೊಡಬೇಕಿತ್ತು. ಬರುವ ಮಾರ್ಚ್‌ನಲ್ಲಿ ರಘುಗೆ ಇನ್ನೊಂದು ದೇಶಕ್ಕೆ, ಅಮ್ಮಾನ್‌ಗೆ ವರ್ಗ. ಈಗ ಆಗದಿದ್ದರೆ ಇನ್ನು ಈ ಜನ್ಮದಲ್ಲಿ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ವಿಷಯ ನಾನೇ ಆರಿಸಿದ್ದು: ಗಂಡನ ಕೆಲಸಕ್ಕಾಗಿ ತಮ್ಮ ಕೆಲಸ ಬಿಟ್ಟು ಇಲ್ಲಿಗೆ ಬಂದ ಕರ್ನಾಟಕದ ಹೆಂಗಸರು. ನನ್ನ ಗೈಡ್ ಹೆಲನ್ ಮೇಡಂ ಮಂಗಳೂರಿನ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದಾರೆ. ವಿಷಯ ಕೇಳಿ ಖುಷಿಪಟ್ಟರು. ಜೊತೆಗೆ ಬೆರಳೆತ್ತಿ ಎಚ್ಚರಿಸಿದರು: "ನೋಡಿ ಕುಮುದಾ, ಅವರು ಎಂತ ಹೇಳಿದರೂ ಅದು ನಿಮಗೆ, ನನಗೆ. ಮೂರನೆಯವರಿಗೆ ಹೋಗಬಾರದು. ಒಬ್ಬೊಬ್ಬರದ್ದೂ ಒಪ್ಪಿಗೆ ಪತ್ರ ಬೇಕು, ಸಹಿ ಹಾಕಿಸಿಯೇ ತನ್ನಿ."

ಹನ್ನೊಂದು ಜನ ಸಿಕ್ಕರು. ಪ್ರತಿಯೊಬ್ಬರೂ ಕಾಫಿ ಕೊಟ್ಟು, "ನನ್ ಹತ್ರ ಏನಿದೆ ಅಕ್ಕಾ ಹೇಳೋಕೆ?" ಎಂದು ಶುರುಮಾಡಿ ಎರಡು ಗಂಟೆ ಬಿಡದೆ ಮಾತನಾಡಿದರು. ಹಾಸನದಲ್ಲಿ ವಕೀಲಿ ಮಾಡುತ್ತಿದ್ದ ಸಮೀಕ್ಷಾ ಈಗ ಮಗನ ಶಾಲೆಯ ಲಾಯರ್ ವೇಷಕ್ಕೆ ತನ್ನ ಕರಿ ಕೋಟನ್ನು ಕತ್ತರಿಸಿ ಹೊಲಿದುಕೊಟ್ಟಿದ್ದಾಳಂತೆ. ನಗುತ್ತಲೇ ಹೇಳಿದಳು. ದಾವಣಗೆರೆಯ ಅಪೂರ್ವಾ ಹಲ್ಲಿನ ಡಾಕ್ಟರು. ಇಲ್ಲಿನ ಸಿರಿವಂತರ ಬಡಾವಣೆ ರುಂಡಾದಲ್ಲಿ ದೊಡ್ಡ ತೋಟದ ನಡುವಿನ ಮನೆ, ಗಂಡ ಧನಂಜಯ್ ದೊಡ್ಡದೊಂದು ಸಂಸ್ಥೆಯ ಮುಖ್ಯಸ್ಥ. ಅವಳು ಕೊನೆಯಲ್ಲಿ ರೆಕಾರ್ಡರ್ ಕಡೆ ನೋಡುತ್ತಾ ಮೆಲ್ಲಗೆ ಹೇಳಿದಳು: "ಊರಿನ ಡೆಂಟಲ್ ಕಾಲೇಜಲ್ಲಿ ಲೆಕ್ಚರರ್ ಪೋಸ್ಟ್ ಸಿಕ್ಕಿದೆ ಅಕ್ಕಾ. ಜನವರಿ ಎರಡಕ್ಕೆ ಜಾಯಿನ್ ಆಗ್ಬೇಕು. ಡಿಸೆಂಬರಲ್ಲಿ ರಜಕ್ಕೆ ಅಂತ ಮಗಳನ್ನ ಕರ್ಕೊಂಡು ಹೋಗ್ತೀನಿ, ಅಲ್ಲೇ ಉಳ್ಕೊಂಡ್ ಬಿಡ್ತೀನಿ. ಇವ್ರಿಗೆ ಅಲ್ಲಿಗೆ ಹೋದ್ಮೇಲೆ ಹೇಳೋದು. ನಿಮಗೆ, ಸಮೀಕ್ಷಾಗೆ ಇಬ್ಬರಿಗೇ ಗೊತ್ತಿರೋದು."

ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅವಳಿಗಾಗಿ ಸಂತೋಷವಾಯಿತು ಎಂದು ಬರೆಯಬಹುದು. ನಿಜವೆಂದರೆ, ಎಂಥ ಒಳ್ಳೆಯ ಅಧ್ಯಾಯವಾಗುತ್ತದೆ ಎಂಬ ಸಂತೋಷವೇ ಹೆಚ್ಚಿತ್ತು.

ಇನ್ನು ಒಪ್ಪಿಗೆ ಪತ್ರದ ಕಥೆ. ನಿಧಾನವಾಗಿ ಓದಿ ಸಹಿ ಮಾಡಿ ಕಳಿಸಿ ಎಂದು ಎಲ್ಲರ ಮನೆಯಲ್ಲೂ ಬಿಟ್ಟುಬಂದಿದ್ದೆ. ಡ್ರೈವರುಗಳ ಕೈಯಲ್ಲಿ ಒಂದೊಂದಾಗಿ ಬಂದವು. ನೋಡದೆ ಫೈಲಿಗೆ ಸೇರಿಸಿದೆ. ಹೆಲನ್ ಮೇಡಂ ನೋಡಿದರು. ಹನ್ನೊಂದನ್ನೂ ಮೇಜಿನ ಮೇಲೆ ಹರಡಿ ಕನ್ನಡಕ ತೆಗೆದು, "ಇದೆಂತದು ಮಾರಾಯ್ತಿ? ಮಾತಾಡಿದ್ದು ಹೆಂಗಸರು, ಒಪ್ಪಿಗೆ ಕೊಟ್ಟದ್ದು ಗಂಡಂದಿರಾ?" ಎಂದರು. ಹನ್ನೊಂದರಲ್ಲಿ ಒಂಬತ್ತು ಗಂಡಂದಿರ ಸಹಿ. ವೀಸಾ ಅರ್ಜಿ, ಶಾಲೆಯ ಅರ್ಜಿ, ಬ್ಯಾಂಕಿನ ಅರ್ಜಿ ಎಲ್ಲ ಅವರ ಕೈಗೇ ಹೋಗುತ್ತದಲ್ಲ, ಇದೂ ಹೋಗಿದೆ. ಅವರೂ ಓದಿಲ್ಲ, ಹೆಂಡತಿ ತೋರಿಸಿದ ಗೆರೆಯ ಮೇಲೆ ಗೀಚಿದ್ದಾರೆ.

"ನನ್ನ ಪ್ರಾಜೆಕ್ಟ್ ಹೇಳೋದೂ ಇದನ್ನೇ ಅಲ್ವಾ ಮೇಡಂ?" ಎಂದೆ. ನಗಲಿಲ್ಲ ಪುಣ್ಯಾತ್ಗಿತ್ತಿ. "ಪುನಃ ಹೋಗಿ. ಹೆಂಗಸರ ಸಹಿ ಇಲ್ಲದಿದ್ದರೆ ಒಂದು ಸಾಲೂ ಬಳಸುವ ಹಾಗಿಲ್ಲ" ಎಂದು ಕಾಗದಗಳನ್ನು ನನ್ನ ಕಡೆ ದೂಡಿದರು.

ಪುನಃ ಹೋದೆ. ಸಮೀಕ್ಷಾ ಪೆನ್ನು ಹಿಡಿದು ನಾಚಿಕೊಂಡಳು. "ನನ್ ಸೈನ್ ಹೇಗಿತ್ತು ಅನ್ನೋದೇ ಮರ್ತೋಗಿದೆ ಅಕ್ಕಾ. ಬೇರೆ ಪೇಪರಲ್ಲಿ ಎರಡ್ ಸಲ ಪ್ರಾಕ್ಟೀಸ್ ಮಾಡ್ಕೊಳ್ಲಾ?" ಎಂದಳು. ಹತ್ತು ಸಲ ಬರೆದು, ಹನ್ನೊಂದನೆಯದನ್ನು ನನಗೆ ಕೊಟ್ಟಳು. ಆದರೆ ಎರಡನೇ ಸಲ ಕಾಗದ ಬಂದಿತೆಂದರೆ ಗಂಡಸರಿಗೆ ಕಿವಿ ನಿಮಿರುತ್ತದೆ. ಸಮೀಕ್ಷಾಳ ಗಂಡ ಶೇಷಾದ್ರಿ ಸೋಫಾದಿಂದಲೇ ಕೇಳಿದ: "ಸೈನ್ ಮಾಡ್ಲಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಏನ್ ಹೇಳಿದಾಳೆ ಅಂತ ನಾವೂ ಒಂದ್ಸಲ ನೋಡ್ಬೇಕಲ್ವಾ?" ಆಗುವುದಿಲ್ಲ ಎಂದೆ. ಅಂದಿನಿಂದ ಪ್ರತಿ ಮನೆಯಲ್ಲೂ ನನ್ನ ಕಾಫಿಗೆ ಸಕ್ಕರೆ ಕಡಿಮೆಯಾಯಿತು.

ದೀಪಾವಳಿಯ ಶನಿವಾರ ಅಪೂರ್ವಾಳ ಮನೆಯಲ್ಲಿ ಎಲ್ಲರಿಗೂ ಮಧ್ಯಾಹ್ನದ ಊಟ. ಹುಲ್ಲಿನ ಮೇಲೆ ಮೇಜು ಹಾಕಿಸಿದ್ದಳು, ಒಬ್ಬಟ್ಟು ತಾನೇ ತಟ್ಟಿದ್ದಳು. ಅವಳು ಬಡಿಸುತ್ತಿದ್ದಾಗ ಶೇಷಾದ್ರಿ ಎಲ್ಲರಿಗೂ ಕೇಳುವ ಹಾಗೆ ಅಂದ: "ಏನ್ ಧನಂಜಯ್, ಜನವರಿಯಿಂದ ಸಾರು ಮಾಡೋದು ಕಲೀಬೇಕಂತಲ್ಲ ನೀವು? ಡಾಕ್ಟ್ರಮ್ಮ ದಾವಣಗೆರೆಗೆ ಹೊರಟ್ರಂತೆ!" ಧನಂಜಯನೂ ಎಲ್ಲರ ಜೊತೆ ನಕ್ಕ. ಅಪೂರ್ವಾ ಬಡಿಸುವುದನ್ನು ನಿಲ್ಲಿಸಲಿಲ್ಲ. ಬೇಡ ಬೇಡ ಎಂದರೂ ನನ್ನ ಎಲೆಗೆ ಎರಡು ಒಬ್ಬಟ್ಟು ಹಾಕಿ ಮುಂದೆ ಹೋದಳು.

ಸೋಮವಾರ ಧನಂಜಯ ಟಿಕೆಟ್ ರದ್ದು ಮಾಡಿಸಿದ. ಜಗಳವಿಲ್ಲ, ಕೂಗಾಟವಿಲ್ಲ. "ಈ ಸಲ ಊರು ಬೇಡ, ಮೊಂಬಾಸಾ ನೋಡೋಣ" ಎಂದನಂತೆ. ಅವಳದೂ ಮಗಳದೂ ಪಾಸ್‌ಪೋರ್ಟು ಅವನ ಆಫೀಸಿನ ಬೀರುವಿನಲ್ಲಿವೆ. ವಾರದೊಳಗೆ ಹನ್ನೊಂದು ಜನರೂ ಒಬ್ಬರ ಹಿಂದೊಬ್ಬರಂತೆ ಒಪ್ಪಿಗೆ ವಾಪಸ್ ತೆಗೆದುಕೊಂಡರು. ಆ ಮೆಸೇಜುಗಳ ಇಂಗ್ಲಿಷ್ ನೋಡಿದರೆ ಅವನ್ನೂ ಗಂಡಂದಿರೇ ಬರೆದಿದ್ದಾರೆ.

ಹೆಲನ್ ಮೇಡಂ ಕರೆಸಿದರು. "ನಿಮ್ಮನ್ನು, ನನ್ನನ್ನು ಬಿಟ್ಟು ಈ ಫೈಲು ಬೇರೆ ಯಾರಾದರೂ ನೋಡಿದ್ದುಂಟಾ?" ಎಂದರು. ಇಲ್ಲ ಎಂದೆ. "ಹಾಗಾದರೆ ಹೊರಗೆ ಹೋದದ್ದು ಹೇಗೆ?" ಎಂದರು. ನನಗೇನು ಗೊತ್ತು? ಎಂದೆ. ತಮ್ಮ ಎದುರೇ ಎಲ್ಲವನ್ನೂ ಅಳಿಸಲು ಹೇಳಿದರು. ಎರಡು ವರ್ಷದ ಕೆಲಸ ಅಳಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಅವರಿಗೇನು, ಸಂಬಳ ಬರುತ್ತದೆ, ಮುಂದಿನ ವರ್ಷ ಇನ್ನೊಬ್ಬಳು ಸಿಗುತ್ತಾಳೆ. ಅವರ ಕೋಣೆಯ ಬಾಗಿಲಿಗೆ ಬೀಗ ಹಾಕುವ ಅಭ್ಯಾಸವೂ ಇಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಎಲ್ಲರೂ ಸಮೀಕ್ಷಾಳೇ ಗಂಡನ ಹತ್ತಿರ ಬಾಯಿಬಿಟ್ಟಿದ್ದಾಳೆ ಎನ್ನುತ್ತಿದ್ದಾರೆ. ಅನ್ನಲಿ. ಬೆಳಗ್ಗೆ ಮನೆಕೆಲಸದ ಜೆನಿಫರ್ ನನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಾ, "ಪೋಲೆ ಮಾಮಾ" ಎಂದಳು, ಪಾಪ ಅಮ್ಮಾ ಎಂಬಂತೆ. ನನ್ನನ್ನು ಪಾಪ ಎಂದದ್ದು ಈ ಊರಿನಲ್ಲಿ ಅವಳೊಬ್ಬಳೇ.

ರಘುಗೆ ಹೇಳಿದರೆ, "ಹೋಗ್ಲಿ ಬಿಡು, ಅಮ್ಮಾನಲ್ಲೂ ಯೂನಿವರ್ಸಿಟಿ ಇದೆ" ಎಂದರು.

ನಿನ್ನ ಚಿನ್ಮಯಿ ಪಿಎಚ್‌ಡಿಗೆ ಸೇರಿದ ಸುದ್ದಿ ಸಂತೋಷ ಕೊಟ್ಟಿತು. ಅವಳಿಗೆ ನನ್ನ ಮನಸಾರೆ ಆಶೀರ್ವಾದ. ಮುಗಿಯುವವರೆಗೂ ಗಂಡು ತೋರಿಸಬೇಡ, ಎಷ್ಟೇ ಒಳ್ಳೆಯವನಿದ್ದರೂ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನವಳೇ ಆದ
ಕುಮುದಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನಿನಗೂ ಸುಳ್ಳು ಹೇಳಿದರೆ ಇನ್ಯಾರಿಗೆ ನಿಜ ಹೇಳಲಿ?

ಶೇಷಾದ್ರಿಗೆ ಹೇಳಿದ್ದು ರಘು. ಭಾನುವಾರ ಇಬ್ಬರೂ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ. ರಘು ಕದ್ದು ಓದಿದ್ದಲ್ಲ, ಕೇಳಿಯೂ ಇರಲಿಲ್ಲ. ನಾನೇ ಎಲ್ಲವನ್ನೂ ಇಂಗ್ಲಿಷಿಗೆ ಮಾಡಿ, ಅಚ್ಚು ಹಾಕಿಸಿ ಅವರ ಕೈಗಿಟ್ಟು, "ರೀ, ಸ್ವಲ್ಪ ಇಂಗ್ಲಿಷ್ ನೋಡ್ಕೊಡಿ" ಎಂದೆ. ಮದುವೆಯಾದಾಗಿನಿಂದ ಅವರಿಗೆ ತೋರಿಸದೆ ಇಂಗ್ಲಿಷಿನಲ್ಲಿ ಒಂದು ಪುಟವನ್ನೂ ಕಳಿಸಿದವಳಲ್ಲ ನಾನು. ಹೆಸರುಗಳನ್ನು ತೆಗೆದಿದ್ದೆ, ನಿಜ. ಆದರೆ ರುಂಡಾದಲ್ಲಿ ದಾವಣಗೆರೆಯ ಹಲ್ಲಿನ ಡಾಕ್ಟರು ಎಷ್ಟು ಜನ ಇರುತ್ತಾರೆ? ಎಂಬತ್ತಾರು ಪುಟದಲ್ಲಿ ರಘು ತಿದ್ದಿದ್ದು ಮೂರು ಕಡೆ. ಅದರಲ್ಲಿ ಎರಡು ಕಡೆ ನಾನು ಬರೆದದ್ದೇ ಸರಿಯಿತ್ತು.

ನಿನ್ನೆ ಅಪೂರ್ವಾ ಫೋನ್ ಮಾಡಿದ್ದಳು. "ಸಮೀಕ್ಷಾ ಹೀಗ್ ಮಾಡ್ತಾಳೆ ಅನ್ಕೊಂಡಿರ್ಲಿಲ್ಲ ಅಕ್ಕಾ. ಇನ್ ಅವಳ ಮುಖ ನೋಡಲ್ಲ. ಅವಳೇ ಅಲ್ವಾ ಹೇಳಿರೋದು?" ಎಂದು ಕೇಳಿದಳು.

ನಾನು ಹೂಂ ಅಂದೆ.