ತಾಯಿಯ ಸಹಿಗೆ ಬಿಟ್ಟ ಜಾಗ

ಅತ್ತಿಗುಂಡಿ
17 ಆಗಸ್ಟ್ 2025, ಭಾನುವಾರ

ರಂಜಿತಾ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಅದನ್ನು ನೋಡಿದ ಕೂಡಲೇ ನೀನು ಕಾಗದ ಮಡಚಿಟ್ಟುಬಿಟ್ಟರೆ ಕಷ್ಟ ಎಂದು ಹೊಸ ಹಾಳೆ ತೆಗೆದುಕೊಂಡೆ. ಹೇಗಿದ್ದೀಯ? ನಿಮ್ಮಕ್ಕ, ಭಾವ ಚೆನ್ನಾಗಿದ್ದಾರಾ? ಹೊರನಾಡಿನಲ್ಲಿ ಶ್ರಾವಣದ ಜನ ಜಾಸ್ತಿಯಂತೆ, ಲಾಡ್ಜಿನ ಮೂವತ್ತು ರೂಮಿನ ಹಾಸಿಗೆ ಹೊದಿಕೆ ನೀನೊಬ್ಬಳೇ ನೋಡಿಕೊಳ್ಳುತ್ತೀಯಂತೆ. ಧನ್ಯಾ ಹೇಳಿದಳು. ಈ ಕಾಗದವನ್ನು ಜೂನ್ ತಿಂಗಳಲ್ಲೇ ಬರೆಯಬೇಕಿತ್ತು. ತಡವಾದದ್ದು ಸೋಮಾರಿತನಕ್ಕಲ್ಲ, ಹೆದರಿಕೆಗೆ. ಫೋನ್ ಮಾಡೋಣವೆಂದರೆ ನೀನು ಎತ್ತುವುದಿಲ್ಲ. ಎತ್ತಿದರೂ ಮೂರನೇ ಮಾತಿಗೆ ನಾನು ಕೂಗುತ್ತೇನೆ, ನಾಲ್ಕನೇ ಮಾತಿಗೆ ನೀನು ಇಟ್ಟುಬಿಡುತ್ತೀಯ. ಕೊನೆಗೆ ಮಗಳೇ ಹೇಳಿದಳು: “ಅಪ್ಪ, ನೀನು ಬರಿ. ಬರಿಯೋವಾಗ ಕೂಗಾಡಕ್ಕಾಗಲ್ಲ.” ನೀನು ಮನೆ ಬಿಟ್ಟು ಹೋಗಿ ಐದು ವರ್ಷ ಆಯಿತು, ಇದು ನನ್ನ ಮೊದಲ ಕಾಗದ.

ವಿಷಯಕ್ಕೆ ಬರುತ್ತೇನೆ. ಇದರ ಜೊತೆ ಒಂದು ಫಾರಂ ಇಟ್ಟಿದ್ದೇನೆ. ಜಾವಳಿಯ ಓಂಕಾರಮೂರ್ತಿ ಮೇಷ್ಟ್ರು ರಿಟೈರ್ ಆದ ಮೇಲೆ ನಾಲ್ಕು ಜನರನ್ನು ಕಟ್ಟಿಕೊಂಡು ಗುಡ್ಡ ಅಲೆಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದಾರೆ. ಈ ದಸರಾ ರಜೆಗೆ ಕಳಸದಿಂದ ಕೊಲ್ಲೂರಿಗೆ ನಡಿಗೆ. ಹತ್ತು ದಿನ, ನೂರೈವತ್ತು ಕಿಲೋಮೀಟರಿನ ಆಚೀಚೆ. ಅಡುಗೆ ಗುಂಪಿನದು. ಬಟ್ಟೆ, ಹಾಸಿಗೆ, ನೀರು ಅವರವರ ಬೆನ್ನ ಮೇಲೆ. ಧನ್ಯಾ ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ. ಹದಿನೆಂಟು ತುಂಬದವರ ಜೊತೆ ಅಪ್ಪನೋ ಅಮ್ಮನೋ ಒಬ್ಬರು ನಡೆಯಬೇಕು, ಫಾರಮಿಗೆ ಇಬ್ಬರೂ ಸಹಿ ಹಾಕಬೇಕು ಎಂಬುದು ಮೇಷ್ಟ್ರ ಕಟ್ಟುನಿಟ್ಟು. ನಿನಗೆ ಲಾಡ್ಜು ಬಿಟ್ಟು ಬರುವುದಾಗುವುದಿಲ್ಲ, ಹಾಗಾಗಿ ನಾನು ಸಿಕ್ಕಿಬಿದ್ದೆ. ನನ್ನ ಸಹಿ ಹಾಕಿದ್ದೇನೆ. ನಿನ್ನದು ಬಾಕಿ, ಅದಿಲ್ಲದೆ ಹುಡುಗಿ ಹೋಗುವ ಹಾಗಿಲ್ಲ.

ನೀನು ನಗುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ನಗು. ಇಪ್ಪತ್ತೆರಡು ವರ್ಷ ಟೂರಿಸ್ಟರನ್ನು ಜೀಪಿನಲ್ಲಿ ಹೊತ್ತು ಈ ಗುಡ್ಡ ಹತ್ತಿಸಿದ್ದೇನೆ, ಒಂದೊಂದು ತಿರುವೂ ಬಾಯಿಪಾಠ, ಒಂದು ದಿನವಾದರೂ ನನ್ನ ಕಾಲಲ್ಲಿ ಹತ್ತಿದ್ದಿಲ್ಲ. ದಿನಕ್ಕೆ ಎಷ್ಟು ನಡೆಯಬಲ್ಲೆ ಎಂದು ಮೇಷ್ಟ್ರು ಕೇಳಿದಾಗ “ನಲವತ್ತು ಎಂತ ದೊಡ್ಡದಲ್ಲ ಬಿಡಿ ಮೇಷ್ಟ್ರೇ” ಎಂದುಬಿಟ್ಟೆ. ನಲವತ್ತು ಎಂದರೆ ನನ್ನ ಲೆಕ್ಕದಲ್ಲಿ ಒಂದು ಗಂಟೆ, ಮಧ್ಯೆ ಒಂದು ಟೀ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು “ಹೌದಾ ಮಾರಾಯ? ಹಂಗಾರೆ ಮೊದ್ಲು ಹತ್ತು ನಡ್ದು ತೋರ್ಸು” ಎಂದರು.

ಜುಲೈ ಕೊನೆಯ ಭಾನುವಾರ ಅಪ್ಪ ಮಗಳು ಇಬ್ಬರೇ ಮೊದಲ ಪ್ರಾಕ್ಟೀಸಿಗೆ ಹೊರಟೆವು. ಜೀಪಿಗೆ ಲೋಡು ತುಂಬಿದ ಹಾಗೆ ಬ್ಯಾಗು ತುಂಬಿದ್ದೆ. ಹಗ್ಗ, ಕತ್ತಿ, ಟಾರ್ಪಾಲು, ಐದು ಲೀಟರಿನ ನೀರಿನ ಕ್ಯಾನು, ಸ್ಪ್ಯಾನರ್ ಸೆಟ್ಟು. ಪಕ್ಕದ ಎಸ್ಟೇಟಿನಲ್ಲಿ ಕಾಫಿ ಹಣ್ಣು ತೂಗುವ ತಕ್ಕಡಿಗೆ ಹಾಕಿ ನೋಡಿದರೆ ಹತ್ತೊಂಬತ್ತು ಕೆಜಿ. ಧನ್ಯಾ ಒಂದು ಸ್ಪ್ಯಾನರ್ ಎತ್ತಿ ಹಿಡಿದು “ಇದೆಂತಕ್ಕಪ್ಪ, ನಿನ್ ಮಂಡಿ ಬಿಚ್ಚಿ ಟೈಟ್ ಮಾಡಕ್ಕಾ?” ಎಂದಳು. ನಾಲಿಗೆ ಮಾತ್ರ ನಿನ್ನದೇ. ಅರ್ಧಕ್ಕರ್ಧ ಮನೆಯಲ್ಲೇ ಬಿಟ್ಟು, ಟಾರು ರಸ್ತೆಯವರೆಗೆ ಜೀಪಿನಲ್ಲಿ ಹೋಗಿ ಅಲ್ಲಿಂದ ನಡೆಯತೊಡಗಿದೆವು.

ಇನ್ನು ಮುಂದಿನದನ್ನು ಸಹಿ ಬೇಕಾದವನು ಬರೆಯಬಾರದು. ಆದರೆ ನಾನು ಬರೆಯದಿದ್ದರೆ ಅವಳು ಹೇಳುತ್ತಾಳೆ, ಅಥವಾ ಆಗಲೇ ಹೇಳಿರುತ್ತಾಳೆ. ಭಾನುವಾರವಲ್ಲವಾ, ನಮ್ಮ ಸ್ಟ್ಯಾಂಡಿನ ಜೀಪುಗಳೆಲ್ಲ ರಸ್ತೆಯಲ್ಲೇ ಇದ್ದವು. ಒಬ್ಬೊಬ್ಬನೂ ನಿಲ್ಲಿಸಿದ. “ಎಂತ ಉಮೇಶಣ್ಣ, ಗಾಡಿ ಕೈ ಕೊಡ್ತಾ? ಹತ್ತು ಹತ್ತು!” ಎನ್ನುವವರೇ. ಇಲ್ಲ ಮಾರಾಯ, ನಡೆಯಲಿಕ್ಕೇ ಬಂದದ್ದು ಎಂದರೆ ಹಿಂದೆ ಕೂತ ಟೂರಿಸ್ಟರೂ ನಕ್ಕರು. ಡ್ರೈವರ್ ಆದವನು ಇನ್ನೊಬ್ಬ ಡ್ರೈವರನ ಗಾಡಿಗೆ ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಎರಡು ಗಾಡಿ ಕಳಿಸಿದೆ. ಮೂರನೆಯದಕ್ಕೆ ಹತ್ತಿಬಿಟ್ಟೆ.

ಧನ್ಯಾ ಹತ್ತಲಿಲ್ಲ. ನಾಲ್ಕು ಕಿಲೋಮೀಟರ್ ಮೇಲೆ ಗೂಡಂಗಡಿಯಲ್ಲಿ ಮಿರ್ಚಿ ಬಜ್ಜಿ ತಿನ್ನುತ್ತಾ ಕೂತೆ. ಅವಳು ಒಂದೂಕಾಲು ಗಂಟೆ ಕಳೆದು ಮಂಜಿನೊಳಗಿಂದ ಬಂದಳು, ತಲೆಯಿಂದ ಕಾಲಿನವರೆಗೆ ಒದ್ದೆ. ಬಜ್ಜಿ ಕೊಟ್ಟರೆ ಮುಟ್ಟಲಿಲ್ಲ. “ನೀನು ಯಾವಾಗ್ಲೂ ಮೇಲೆ ಹೋಗಿ ಕಾಯ್ತೀಯ” ಎಂದಳು, ಅಷ್ಟೇ. ಇಳಿಯುವಾಗ ಅವಳ ಹಿಂದೆ ಹಿಂದೆಯೇ ನಡೆದೆ, ಎಷ್ಟು ಗಾಡಿ ನಿಂತರೂ ತಲೆ ಎತ್ತಲಿಲ್ಲ.

ಎರಡನೆಯದು ಮೊನ್ನೆ ಆಗಸ್ಟ್ ಹದಿನೈದಕ್ಕೆ, ಮೇಷ್ಟ್ರ ಗುಂಪಿನ ಜೊತೆ. ಮೂಡಿಗೆರೆ ಕಡೆಯಿಂದ ತೋಟದ ದಾರಿಗಳಲ್ಲಿ ಹದಿನಾಲ್ಕು ಕಿಲೋಮೀಟರ್ ನಡೆದು ಜಾವಳಿಯಲ್ಲಿ ರಾತ್ರಿ ಉಳಿಯುವುದು. ರಕ್ತ ಹೀರುವ ಇಂಬಳಕ್ಕೆ ಹೆದರಿ ಸಾಕ್ಸಿನೊಳಗೆ ಉಪ್ಪು ತುಂಬಿಕೊಂಡಿದ್ದೆ. ಇಂಬಳವೇನೋ ಹತ್ತಲಿಲ್ಲ. ಆದರೆ ಹೊಸ ಬೂಟು ಕಚ್ಚಿ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು, ಒಡೆದು, ಅದರೊಳಗೆ ಆ ಉಪ್ಪು ಇಳಿದಾಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಜಾವಳಿಯಲ್ಲಿ ಮುದ್ದಮ್ಮ ಎಂಬ ಅಜ್ಜಿ ಜಗುಲಿಯಲ್ಲಿ ಕೂರಿಸಿ ಬಿಸಿನೀರು, ಕೊಬ್ಬರಿ ಎಣ್ಣೆ ಕೊಟ್ಟರು. ನಮ್ಮ ಬ್ಯಾಗುಗಳನ್ನು ನೋಡಿ ಅವರಿಗೆ ಬೇರೆಯೇ ಅನುಮಾನ. “ಮನೇಲಿ ಜಗಳ ಆಯ್ತಾ ಮಗಾ? ಹೆಣ್ಣುಮಗೂನ ಕಟ್ಕಂಡು ಗಂಟುಮೂಟೆ ಹೊತ್ಕಂಡು ಬಂದ್ಯಲ್ಲ!” ಎಂದರು. ಧನ್ಯಾ ನಗುತ್ತಾ “ಜಗಳ ಆಗಿ ಐದ್ ವರ್ಷ ಆಯ್ತಜ್ಜಿ, ಈಗ ಹೊರಟ್ವಿ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವಳ ಮುಖ ನೋಡಿ ಸಂಕಟವಾಯಿತು.

ಆದರೂ ಹದಿನಾಲ್ಕು ನಡೆದೆ, ರಂಜಿತಾ. ಹೊಟ್ಟೆಯೂ ಬೆಲ್ಟಿನಲ್ಲಿ ಒಂದು ತೂತು ಇಳಿದಿದೆ. ಹುಡುಗಿ ನನಗಿಂತ ಎಷ್ಟೋ ಗಟ್ಟಿ. ಈ ಕಾಗದ ಅವಳೇ ತರುತ್ತಾಳೆ, ಸಹಿ ಹಾಕಿ ಅವಳ ಕೈಯಲ್ಲೇ ಕಳಿಸು.

ಇಂತಿ,
ಉಮೇಶ

*

ಅತ್ತಿಗುಂಡಿ
7 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ರಂಜಿತಾ,

ಈ ಸಲ ಹೊಸ ಹಾಳೆ ತೆಗೆದುಕೊಂಡಿಲ್ಲ. ನೀನು ಕಳಿಸಿದ ಹುಣಸೆ ತೊಕ್ಕು ತಲುಪಿತು. ಅದು ಮಗಳಿಗೆ ಕಳಿಸಿದ್ದು ಎಂದು ಗೊತ್ತು, ನಾನೂ ತಿಂದೆ. ಉತ್ತರ ಬರೆಯಲು ಎರಡು ವಾರ ಮಾಡಿದೆ, ಮನ್ನಿಸು.

ಫಾರಂ ವಾಪಸು ಬಂತು. ಸಹಿಯ ಜಾಗ ಖಾಲಿ. ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಒಂದೇ ಸಾಲು: “ದಾರೀಲಿ ಅವಳಿಗೆ ಏನಾದ್ರೂ ಆದ್ರೆ ಏನ್ ಮಾಡ್ತೀರಿ?” ಸುಳ್ಳು ಹೇಳುವುದಿಲ್ಲ, ಓದಿ ಮೈಯೆಲ್ಲ ಉರಿಯಿತು. ನಾನೇನು ಅವಳನ್ನು ಕಾಡಿನಲ್ಲಿ ಬಿಟ್ಟು ಬರುತ್ತೇನಾ, ಹೆತ್ತ ಅಪ್ಪನಿಗೆ ಕೇಳುವ ಮಾತಾ ಇದು ಎಂದು ಒಬ್ಬನೇ ಕೂಗಾಡಿದೆ. ನಾಯಿ ಎದ್ದು ಅಂಗಳಕ್ಕೆ ಹೋಯಿತು. ಮಾರನೇ ದಿನ ಸಿಟ್ಟು ಇಳಿದ ಮೇಲೆ ಮತ್ತೆ ಓದಿದೆ. ಕೇಳುವ ಹಕ್ಕು ನಿನಗಿದೆ. ಉತ್ತರ ಮಾತಿನಲ್ಲಿ ಕೊಟ್ಟರೆ ನೀನು ನಂಬುವುದಿಲ್ಲ, ನಂಬಲೂಬಾರದು. ಆದ್ದರಿಂದ ನಡೆದದ್ದನ್ನೇ ಬರೆಯುತ್ತೇನೆ.

ಕಳೆದ ಶನಿವಾರ, ಭಾನುವಾರ ಮೇಷ್ಟ್ರ ಪರೀಕ್ಷೆ ಇತ್ತು. ಎರಡು ದಿನಕ್ಕೆ ಇಪ್ಪತ್ತೆಂಟು ಕಿಲೋಮೀಟರ್, ಪೂರ್ತಿ ಹೊರೆಯೊಂದಿಗೆ. ಮುಗಿಸಿದವರಿಗೆ ಮಾತ್ರ ಕೊಲ್ಲೂರು. ಮೊದಲ ದಿನ ಸರಾಗ. ಎರಡನೇ ದಿನ ನಾಲ್ಕು ಕಿಲೋಮೀಟರ್ ಆಗುವಷ್ಟರಲ್ಲಿ ಧನ್ಯಾಳ ಮಾತು ನಿಂತಿತು. ಅವಳ ಮಾತು ನಿಂತರೆ ಏನೋ ಇದೆ ಎಂದು ನನಗೂ ಈಗ ಗೊತ್ತಾಗುತ್ತದೆ. ಕೇಳಿದರೆ “ಎಂತ ಇಲ್ಲ” ಎಂದಳು. ಮತ್ತೆ ಕೇಳಿದ ಮೇಲೆ ತಿಂಗಳ ಹೊಟ್ಟೆನೋವು ಎಂದು ಹೇಳಿದಳು, ನೆಲ ನೋಡಿಕೊಂಡು. “ನಡೀತೀನಪ್ಪ. ನಿಂತ್ರೆ ಮೇಷ್ಟ್ರು ಸೇರಿಸ್ಕಳಲ್ಲ. ನಡಿ.”

ನಾನು ಬ್ಯಾಗು ಇಳಿಸಿದೆ. ಮುಂದೆ ಹೋಗಿದ್ದ ಮೇಷ್ಟ್ರಿಗೆ ಫೋನ್ ಮಾಡಿ ನಮ್ಮದು ಇಲ್ಲಿಗೆ ಮುಗಿಯಿತು ಎಂದೆ. ಧನ್ಯಾ ಅತ್ತಳು, ನನ್ನ ಮೇಲೆ ರೇಗಿದಳು, ನನ್ನ ಇಡೀ ತಿಂಗಳು ಹಾಳು ಮಾಡಿದೆ ಎಂದಳು. ನಾನು ಹತ್ತಿರದ ಎಸ್ಟೇಟ್ ಕೂಲಿಯವರ ಲೈನ್ ಮನೆಯಲ್ಲಿ ಬಿಸಿನೀರು ಕೇಳಿ ತಂದೆ. ಬಸ್ ಶೆಲ್ಟರಿನಲ್ಲಿ ಎರಡು ಗಂಟೆ ಅವಳು ನನ್ನ ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದಳು. ಜೀಪು ಬಂದಾಗ ಅವಳನ್ನು ಕೇಳಿದೆ. ಅವಳು ಹೂಂ ಎಂದ ಮೇಲೆ ಇಬ್ಬರೂ ಹತ್ತಿದೆವು.

ಮೇಷ್ಟ್ರು ಆ ಸಂಜೆ ಫೋನಿನಲ್ಲಿ ಹೊಗಳಲೂ ಇಲ್ಲ, ಬೈಯಲೂ ಇಲ್ಲ. “ಮುಂದಿನ ಶನಿವಾರ ನಾನೇ ನಿಮ್ ಕಡೆ ಬರ್ತೀನಿ. ಒಂದೇ ದಿನ, ಹದಿನೆಂಟು. ಇದು ಕೊನೇದು” ಎಂದರು. ಅದರಂತೆ ನಿನ್ನೆ ಬೆಳಿಗ್ಗೆ ಆರಕ್ಕೆ ನಮ್ಮ ಮನೆಯಿಂದಲೇ ಹೊರಟೆವು. ಹದಿನೆಂಟೂ ಮುಗಿಯಿತು. ಕೊನೆಯ ಏರು ಹತ್ತುವಾಗ ಮೇಷ್ಟ್ರಿಗೇ ಏದುಸಿರು, ನಿನ್ನ ಮಗಳು ಅವರ ನೀರಿನ ಬಾಟಲಿಯನ್ನೂ ತಾನೇ ಹೊತ್ತಳು. ನಮ್ಮಿಬ್ಬರ ಹೆಸರೂ ಪಟ್ಟಿಯಲ್ಲಿದೆ. ಇಪ್ಪತ್ತೆರಡನೇ ತಾರೀಕು ಕಳಸದಿಂದ ಹೊರಡುವುದು.

ಫಾರಂ ಮತ್ತೆ ಇಟ್ಟಿದ್ದೇನೆ. ನಿನಗೆ ಒಪ್ಪಿಗೆಯಾದರೆ ಸಹಿ ಹಾಕು. ಆಗದಿದ್ದರೆ ಧನ್ಯಾಳಿಗೆ ನಾನೇ ಸಮಾಧಾನ ಹೇಳುತ್ತೇನೆ, ನಿನ್ನ ಮೇಲೆ ಒಂದು ಮಾತು ಬರಲು ಬಿಡುವುದಿಲ್ಲ. ಕೊಲ್ಲೂರು ಇಲ್ಲದಿದ್ದರೂ ಭಾನುವಾರ ಭಾನುವಾರ ಅವಳ ಜೊತೆ ನಡೆಯುವುದನ್ನು ಬಿಡುವುದಿಲ್ಲ. ಭಾನುವಾರ ಗಾಡಿ ಓಡಿಸುವುದಿಲ್ಲ ಎಂದು ಸ್ಟ್ಯಾಂಡಿನಲ್ಲೂ ಹೇಳಿಯಾಗಿದೆ.

ನಿಮ್ಮಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸು. ಲಾಡ್ಜಿನ ಮೆಟ್ಟಿಲು ಹತ್ತಿ ಇಳಿದು ನಿನ್ನ ಕಾಲು ಊದುತ್ತದಂತೆ, ರಾತ್ರಿ ಬಿಸಿನೀರಿನಲ್ಲಿ ಇಟ್ಟುಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ಉಮೇಶ

ಮರೆತ ಮಾತು: ಮರೆತದ್ದಲ್ಲ. ಬರೆಯಲು ಧೈರ್ಯ ಬರದೆ ಸಹಿ ಹಾಕಿ ಮುಗಿಸಿದ್ದೆ.

ನಿನ್ನೆ ಮನೆಯಿಂದ ಟಾರು ರಸ್ತೆಯವರೆಗಿನ ಐದು ಕಿಲೋಮೀಟರ್ ಮಣ್ಣು ದಾರಿಯನ್ನು ಮೊದಲ ಸಲ ನಡೆದೆ. ಮೇಷ್ಟ್ರು ಮುಂದೆ ಇದ್ದರು. ಸಿಲ್ವರ್ ಓಕ್ ಮರಗಳ ಸಾಲು ಬಂದಾಗ ಧನ್ಯಾ ನಿಂತು, “ಅಮ್ಮ ಮೊದ್ಲು ಕೂತಿದ್ದು ಇಲ್ಲಿ” ಎಂದಳು. ನನಗೆ ತಕ್ಷಣ ಅರ್ಥವಾಗಲಿಲ್ಲ. ಮೋರಿಯ ಹತ್ತಿರ ಮತ್ತೆ ನಿಂತಳು. “ಎರಡ್ನೇ ಸಲ ಇಲ್ಲಿ. ನನ್ ಸ್ವೆಟರ್ ಕೇಳಿ ಹೊಟ್ಟೆಗೆ ಒತ್ತಿ ಹಿಡ್ಕಂಡಿದ್ರು.”

ಆರು ವರ್ಷದ ಹಿಂದೆ ಆ ಜೂನ್ ತಿಂಗಳಲ್ಲಿ ನೀನು ಐದು ತಿಂಗಳ ಬಸುರಿ. ನೋವು ಶುರುವಾಗಿದೆ ಎಂದು ನೀನು ಫೋನ್ ಮಾಡಿದಾಗ ನಾನು ಗುಡ್ಡದ ತುದಿಯಲ್ಲಿ ಟೂರಿಸ್ಟರ ಫೋಟೋ ತೆಗೆದುಕೊಡುತ್ತಿದ್ದೆ. ಗಾಡಿ ಇತ್ತು, ನಾನಿದ್ದೆ, ಬರಬಹುದಿತ್ತು. “ಹತ್ತು ನಿಮಿಷದ ದಾರಿ, ನಿಧಾನ ನಡ್ಕಂಡು ರೋಡಿಗೆ ಬಾ, ಬಸ್ ಸಿಗ್ತದೆ” ಎಂದೆ. ನೀನು ಹತ್ತು ವರ್ಷದ ಮಗಳ ಕೈ ಹಿಡಿದು ನಡೆದೆ. ಮಗು ಉಳಿಯಲಿಲ್ಲ. ಆಸ್ಪತ್ರೆಯವರು ತಡ ಮಾಡಿದರು ಎಂದು ಊರಿಗೆಲ್ಲ ಹೇಳಿದೆ. ನಿನ್ನೆದುರೂ ಅದನ್ನೇ ಹೇಳಿದೆ. ಒಂದು ವರ್ಷ ಕೇಳಿಸಿಕೊಂಡು ನೀನು ಹೊರಟುಹೋದೆ.

ನಿನ್ನೆ ಆ ದಾರಿ ಇಳಿಯಲು ನನಗೆ, ಯಾವ ನೋವೂ ಇಲ್ಲದ ಗಂಡಸಿಗೆ, ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಆಸ್ಪತ್ರೆಯವರಲ್ಲ, ತಡ ಮಾಡಿದವನು ನಾನು. ತಪ್ಪು ನನ್ನದು, ರಂಜಿತಾ. ಸಹಿಗಾಗಿ ಇದನ್ನು ಬರೆಯುತ್ತಿಲ್ಲ. ನೀನು ಫಾರಂ ಹರಿದು ಹಾಕಿದರೂ ಈ ಮಾತು ಹೀಗೇ ಇರುತ್ತದೆ.

ಮೂರನೆಯ ಜಾಗ ರಸ್ತೆ ಕಾಣುವ ತಿರುವಿನ ಬಂಡೆ. ಅಲ್ಲಿ ಕೂತು ನೀನು “ಅಪ್ಪ ಮನಸ್ಸು ಬದಲಾಯ್ಸಿ ಬರ್ತಿರ್ತಾರೆ, ಜೀಪಿನ ಸದ್ದು ಕೇಳ್ತದಾ ನೋಡು” ಎಂದೆಯಂತೆ. ಅವಳು ಬಹಳ ಹೊತ್ತು ಕಿವಿಗೊಟ್ಟು ನಿಂತಿದ್ದಳಂತೆ. ನಾನು ಆ ಬಂಡೆಯ ಮೇಲೆ ಕೂತುಬಿಟ್ಟೆ. ಅತ್ತೆ. ಧನ್ಯಾ ಪಕ್ಕದಲ್ಲಿ ಕೂತಳು. ಆಮೇಲೆ ಅವಳೇ ಎದ್ದು, ನನ್ನತ್ತ ಕೈ ಚಾಚಿ, “ಏಳಪ್ಪ, ಅಮ್ಮಂಗೆ ಇದನ್ನ ಬರಿ” ಎಂದಳು.